ವೆಸ್ಟರ್ನ್ ಚಿತ್ರಗಳೂ ನಮ್ಮ ಚಪ್ಪಾಳೆಯೂ

ಹಾಲಿವುಡ್ಡಿನ ಕುದುರೆ-ಬಂದೂಕಿನ ಚಿತ್ರಗಳಿಗೆ ‘ವೆಸ್ಟರ್ನ್’ ಎಂದು ಹೆಸರು. ಅಮೆರಿಕದ ಪಶ್ಚಿಮದ ಬಯಲುಗಳಲ್ಲಿ, ಸರಕಾರದ ಕೈ ಇನ್ನೂ ಸರಿಯಾಗಿ ತಲುಪದಿದ್ದ ಊರುಗಳಲ್ಲಿ ನಡೆಯುವ ಕಥೆಗಳಿವು. ಅವಕ್ಕೂ ನಮಗೂ ಏನು ಸಂಬಂಧ ಎಂದು ಕೇಳುವವರಿಗೆ ಒಂದು ಮಾತು ನೆನಪಿಸಬೇಕು. ಭಾರತದಲ್ಲಿ ತಯಾರಾದ ಅತ್ಯಂತ ಪ್ರಸಿದ್ಧ ವೆಸ್ಟರ್ನ್ ಹುಟ್ಟಿದ್ದು ಕನ್ನಡದ ನೆಲದಲ್ಲಿ. ಬೆಂಗಳೂರಿನಿಂದ ಮೈಸೂರಿಗೆ ಹೋಗುವ ದಾರಿಯಲ್ಲಿ ರಾಮನಗರದ ಬಂಡೆಗಳ ನಡುವೆ 1973ರಲ್ಲಿ ರಮೇಶ್ ಸಿಪ್ಪಿಯವರು ‘ರಾಮಗಢ’ವೆಂಬ ಹಳ್ಳಿಯನ್ನೇ ಕಟ್ಟಿಸಿದರು. ‘ಶೋಲೆ’ 1975ರ ಆಗಸ್ಟ್ 15ರಂದು ತೆರೆಕಂಡಿತು. ನಮ್ಮ ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆಯ ಮಿನರ್ವಾ ಚಿತ್ರಮಂದಿರದಲ್ಲಿ ಐದು ವರ್ಷ ಓಡಿತು. ಇಂದು ಮಿನರ್ವಾ ಇಲ್ಲ. ರಾಮನಗರದ ರಾಮದೇವರಬೆಟ್ಟ 2012ರಿಂದ ರಣಹದ್ದುಗಳ ಅಭಯಧಾಮವಾಗಿದೆ. ಗಬ್ಬರ್ ಸಿಂಗನ ಸಂಭಾಷಣೆ ಮಾತ್ರ ನಮ್ಮ ಮಕ್ಕಳ ಬಾಯಲ್ಲೂ ಇದೆ.

ಈ ಚಿತ್ರಕ್ಕೆ ಎರಡು ಮುಕ್ತಾಯಗಳಿವೆ ಎಂಬುದು ಬಹಳ ಮಂದಿಗೆ ಈಚೆಗಷ್ಟೇ ತಿಳಿಯಿತು. ನಾವೆಲ್ಲ ಕಂಡ ಚಿತ್ರದಲ್ಲಿ, ಎರಡೂ ಕೈ ಕಳೆದುಕೊಂಡ ಠಾಕೂರ್ ಬಲದೇವ್ ಸಿಂಗ್ ಗಬ್ಬರನನ್ನು ಕಾಲಿನಿಂದಲೇ ಕೆಡವಿ ಇನ್ನೇನು ಕೊಲ್ಲಬೇಕು ಎನ್ನುವಷ್ಟರಲ್ಲಿ ಪೊಲೀಸರು ಬಂದು ತಡೆಯುತ್ತಾರೆ. ಶಿಕ್ಷೆ ಕೊಡುವುದು ಕಾನೂನಿನ ಕೆಲಸ ಎಂದು ಬುದ್ಧಿ ಹೇಳುತ್ತಾರೆ. ಮೊದಲು ಚಿತ್ರಿಸಿದ್ದು ಹೀಗಲ್ಲ. ಅದರಲ್ಲಿ ಮೊಳೆ ಬಡಿದ ಪಾದರಕ್ಷೆಯ ಕಾಲಿನಿಂದ ಠಾಕೂರನೇ ಗಬ್ಬರನ ಕಥೆ ಮುಗಿಸುತ್ತಾನೆ. ಪೊಲೀಸ್ ಅಧಿಕಾರಿಯಾಗಿದ್ದವನೇ ಕಾನೂನನ್ನು ಕೈಗೆತ್ತಿಕೊಳ್ಳುವುದು ಕೂಡದು ಎಂದು ಸೆನ್ಸಾರ್ ಮಂಡಳಿ ಪಟ್ಟು ಹಿಡಿದದ್ದರಿಂದ ಮುಕ್ತಾಯವನ್ನು ಮತ್ತೆ ಚಿತ್ರಿಸಬೇಕಾಯಿತು. ಫಿಲ್ಮ್ ಹೆರಿಟೇಜ್ ಫೌಂಡೇಶನ್ನಿನವರು ಜೀರ್ಣೋದ್ಧಾರ ಮಾಡಿದ ಮೂಲಪ್ರತಿ 2025ರ ಜೂನ್‌ನಲ್ಲಿ ಇಟಲಿಯ ಬೊಲೋನ್ಯಾದಲ್ಲಿ ಪ್ರದರ್ಶನಗೊಂಡು, ಡಿಸೆಂಬರ್‌ನಲ್ಲಿ ನಮ್ಮ ಚಿತ್ರಮಂದಿರಗಳಿಗೂ ಬಂತು.

ಸೆನ್ಸಾರ್ ಮಂಡಳಿ ಈ ಉಪದೇಶ ಮಾಡಿದ ಕಾಲವನ್ನು ಗಮನಿಸಿ. 1975ರ ಜೂನ್ 25ರಂದು ತುರ್ತು ಪರಿಸ್ಥಿತಿ ಘೋಷಣೆಯಾಗಿತ್ತು. ವಿಚಾರಣೆಯಿಲ್ಲದೆ ಸಾವಿರಾರು ಜನರನ್ನು ಸೆರೆಮನೆಗೆ ತಳ್ಳಿದ ಸರಕಾರವೇ, ಕಾನೂನು ತನ್ನ ದಾರಿಯಲ್ಲಿ ನಡೆಯಬೇಕೆಂದು ಒಬ್ಬ ಕಾಲ್ಪನಿಕ ಠಾಕೂರನಿಗೆ ಪಾಠ ಹೇಳಿತು!

ನನ್ನ ಮಗಳು ಹತ್ತನೆಯ ಇಯತ್ತೆಯಲ್ಲಿ ಓದುತ್ತಿದ್ದಾಳೆ. ಎರಡೂ ಮುಕ್ತಾಯ ನೋಡಿದ ಮೇಲೆ, “ಅಪ್ಪ, ಇದರಲ್ಲಿ ಯಾವುದು ಸರಿ?” ಎಂದಳು. ಇಂಥ ಪ್ರಶ್ನೆಗೆ ಕೇಂದ್ರ ಸರಕಾರದ ಗುಮಾಸ್ತನಾದ ಅಪ್ಪ ಕೊಡಬೇಕಾದ ಉತ್ತರ ಮೊದಲೇ ಗೊತ್ತಿರುವಂಥದು. ಕಾನೂನಿನ ದಾರಿಯೇ ಸರಿ. ಕಡತ ಮೇಜಿನಿಂದ ಮೇಜಿಗೆ ಹೋಗಲಿ, ಟಿಪ್ಪಣಿ ಬೀಳಲಿ, ಆಮೇಲೆ ತೀರ್ಮಾನ. ಆದರೆ ಅಷ್ಟು ಹೇಳಿ ನುಣುಚಿಕೊಳ್ಳಲು ನನಗೆ ಮನಸ್ಸಾಗಲಿಲ್ಲ. ಏಕೆಂದರೆ ಆ ವಾರವೇ ನಮ್ಮ ಲೋಕಲ್ ಗಾಡಿಯ ಡಬ್ಬಿಯಲ್ಲಿ ಇದೇ ಮಾತು ಬೇರೆ ರೂಪದಲ್ಲಿ ಬಂದಿತ್ತು. ಮಿತ್ರರೊಬ್ಬರ ಹಳೆಯ ಕಟ್ಟಡ ಕೆಡವಿ ಆರು ವರ್ಷವಾಗಿದೆ. ಕಟ್ಟಿಕೊಡುತ್ತೇನೆಂದವನು ಬಾಡಿಗೆ ಹಣ ಕೊಡುವುದನ್ನೂ ನಿಲ್ಲಿಸಿದ್ದಾನೆ. ಕೋರ್ಟಿನಲ್ಲಿ ತಾರೀಖಿನ ಮೇಲೆ ತಾರೀಖು. ಅವರ ತಾಯಿ ಬಾಡಿಗೆ ಮನೆಯಲ್ಲೇ ತೀರಿಕೊಂಡರು. “ಕೋರ್ಟು ಕಚೇರಿ ಎಲ್ಲ ಸಾಕು ಮಾರಾಯ್ರೆ, ಇಂಥವರನ್ನು ಎನ್‌ಕೌಂಟರ್ ಮಾಡಿ ಬಿಸಾಡಬೇಕು” ಎಂದರು. ಇರುವೆಯನ್ನೂ ದಾಟಿಕೊಂಡು ಹೋಗುವ ಮನುಷ್ಯ ಅವರು. ಡಬ್ಬಿಯಲ್ಲಿ ಯಾರೂ ಅವರ ಮಾತನ್ನು ಅಲ್ಲಗಳೆಯಲಿಲ್ಲ.

ಈ ಪದ ಮುಂಬಯಿಯವರಿಗೆ ಹೊಸದಲ್ಲ. 1982ರ ಜನವರಿಯಲ್ಲಿ ವಡಾಳಾದಲ್ಲಿ ಮನ್ಯಾ ಸುರ್ವೆ ಪೊಲೀಸರ ಗುಂಡಿಗೆ ಬಿದ್ದಂದಿನಿಂದ ಅದು ನಮ್ಮ ನಗರದ ನುಡಿಗಟ್ಟಿನಲ್ಲಿ ಸೇರಿದೆ. ಅದರ ಮೇಲೆ ಸಿನಿಮಾಗಳೂ ಬಂದಿವೆ. 2019ರ ಡಿಸೆಂಬರ್ 6ರಂದು ಹೈದರಾಬಾದಿನ ಹೊರವಲಯದಲ್ಲಿ, ಒಬ್ಬ ಪಶುವೈದ್ಯೆಯ ಅತ್ಯಾಚಾರ-ಕೊಲೆಯ ಆರೋಪ ಹೊತ್ತ ನಾಲ್ವರನ್ನು ಪೊಲೀಸರು ಗುಂಡಿಕ್ಕಿ ಕೊಂದಾಗ ಜನ ಅವರ ಮೇಲೆ ಹೂವು ಎರಚಿದರು. ಸುಪ್ರೀಂ ಕೋರ್ಟು ನೇಮಿಸಿದ ಸಿರ್ಪುರ್ಕರ್ ಆಯೋಗ ಪೊಲೀಸರ ಹೇಳಿಕೆ ನಂಬಲರ್ಹವಲ್ಲ, ಕೊಲ್ಲುವ ಉದ್ದೇಶದಿಂದಲೇ ಗುಂಡು ಹಾರಿಸಲಾಯಿತು ಎಂದು 2022ರಲ್ಲಿ ವರದಿ ಕೊಟ್ಟಿತು. ಹೂವು ಎರಚಿದ ಕೈಗಳು ಅಷ್ಟು ಹೊತ್ತಿಗೆ ತಂತಮ್ಮ ಕೆಲಸಕ್ಕೆ ಹೋಗಿದ್ದವು. ಆ ಕೈಗಳನ್ನು ತಯಾರು ಮಾಡಿದ್ದರಲ್ಲಿ ಸಿನಿಮಾದ ಪಾಲು ಎಷ್ಟು ಎಂದು ಅಳೆಯುವ ಮಾಪಕ ಯಾವ ಪ್ರಯೋಗಶಾಲೆಯಲ್ಲೂ ಇಲ್ಲ. ಆದರೆ ಕತ್ತಲಲ್ಲಿ ಕೂತು ಒಂದು ಕೊಲೆಗೆ ಚಪ್ಪಾಳೆ ಹೊಡೆಯುವುದು ಒಂದು ಅಭ್ಯಾಸ. ಅಭ್ಯಾಸಗಳು ಬೆಳಕಿಗೂ ಬರುತ್ತವೆ.

ಹಾಗಾದರೆ ಸೇಡಿನ ಕಥೆಯನ್ನೇ ನೋಡಬಾರದೇ? ಹಾಗೆಂದರೆ ನಮ್ಮ ಕರಾವಳಿಯವರು ಯಕ್ಷಗಾನವನ್ನೇ ಬಿಡಬೇಕಾದೀತು! ‘ಗದಾಯುದ್ಧ’ ಪ್ರಸಂಗಕ್ಕಿಂತ ದೊಡ್ಡ ಸೇಡಿನ ಕಥೆ ಎಲ್ಲಿದೆ? ರನ್ನ ಮಹಾಕವಿ ಆ ಸೇಡಿನ ಭೀಮನನ್ನೇ ನಾಯಕನನ್ನಾಗಿಸಿ ಕಾವ್ಯ ಬರೆದ. ಆದರೆ ಅಲ್ಲಿ ಒಂದು ಸಂಗತಿ ಇದೆ. ಭೀಮ ನಿಯಮ ಮೀರಿ ತೊಡೆಗೆ ಹೊಡೆದಾಗ ಬಲರಾಮ ನೇಗಿಲೆತ್ತಿ ಏಳುತ್ತಾನೆ. ಇದು ಅಧರ್ಮ ಎನ್ನುತ್ತಾನೆ. ಕೃಷ್ಣ ಅವನನ್ನು ಹಿಡಿದು ನಿಲ್ಲಿಸಿ, ದ್ರೌಪದಿಗಾದ ಅವಮಾನ, ಭೀಮನ ಪ್ರತಿಜ್ಞೆ ಎಲ್ಲ ಹೇಳುತ್ತಾನೆ. ಮಹಾಭಾರತದ ಬಲರಾಮ ಆ ಸಮಜಾಯಿಷಿಯನ್ನು ಒಪ್ಪದೆಯೇ ದ್ವಾರಕೆಗೆ ಹೊರಟುಹೋಗುತ್ತಾನೆ. ಒಳ್ಳೆಯ ಅರ್ಥಧಾರಿ ಸಿಕ್ಕರೆ ಈ ವಾದ ಅರ್ಧ ಗಂಟೆ ನಡೆದೀತು. ಗೆದ್ದ ಭೀಮನ ಮೇಲೆ ನಮಗೆ ಪ್ರೀತಿ ಇದ್ದೇ ಇರುತ್ತದೆ, ಆದರೆ ಎದ್ದುಹೋದ ಬಲರಾಮನ ಬೆನ್ನೂ ಕಾಣುತ್ತಿರುತ್ತದೆ.

ಈ ಬಗೆಯ ಚಿತ್ರಗಳಿಗೆ ನಾನು ಇಟ್ಟುಕೊಂಡ ಒರೆಗಲ್ಲು ಇದೇ. ಚಿತ್ರದೊಳಗೆ ಒಬ್ಬ ಬಲರಾಮ ಇದ್ದಾನೆಯೇ? ಆತ ಪಾತ್ರವಾಗಿಯೇ ಇರಬೇಕೆಂದಿಲ್ಲ. ಒಂದು ಗಾಯ, ಒಂದು ಅಳು, ಒಂದು ಮೌನ ಆ ಕೆಲಸ ಮಾಡಬಹುದು. ‘ಶೋಲೆ’ಯ ಮೂಲ ಮುಕ್ತಾಯದಲ್ಲಿ ಗಬ್ಬರ್ ಸತ್ತಮೇಲೆ ಠಾಕೂರ್ ಅಟ್ಟಹಾಸ ಮಾಡುವುದಿಲ್ಲ, ಕುಸಿದು ಅಳುತ್ತಾನೆ. ಸೊಸೆಯ ಬಿಳಿ ಸೀರೆ ಹಾಗೆಯೇ ಇದೆ, ಕೈಗಳು ಮರಳಿ ಬರಲಿಲ್ಲ. ಪೊಲೀಸರು ಬರುವ ಮುಕ್ತಾಯದಲ್ಲಾದರೋ ಕಾನೂನು ಯಾವ ಸಿದ್ಧತೆಯೂ ಇಲ್ಲದೆ ಕೊನೆಗಳಿಗೆಯಲ್ಲಿ ಓಡಿಬಂದು ನಿಲ್ಲುತ್ತದೆ. ಟಿಪ್ಪಣಿಯೇ ಇಲ್ಲದ ಕಡತದ ಮೇಲೆ ಮೊಹರು ಒತ್ತಿದ ಹಾಗೆ. ಆದ್ದರಿಂದ ಮಗಳಿಗೆ ಹೇಳಿದೆ: ಠಾಕೂರ್ ಮಾಡಿದ್ದು ತಪ್ಪು, ಆದರೆ ಅದನ್ನು ತೋರಿಸಿದ ಚಿತ್ರವೇ ಹೆಚ್ಚು ಸತ್ಯ. ಅವಳಿಗೆ ಇದು ಪೂರ್ತಿ ಒಪ್ಪಿಗೆಯಾಗಲಿಲ್ಲ. “ಅದೆಂಥ ಉತ್ತರ!” ಎಂದಳು.

ಈ ಒರೆಗಲ್ಲಿಗೆ ಹಚ್ಚಿದರೆ ಈಚಿನ ಕೆಲವು ದೊಡ್ಡ ಹೆಸರುಗಳು ಮಾಸುತ್ತವೆ. ಕುರೊಸಾವಾನ ‘ಸೆವೆನ್ ಸಮುರಾಯ್’ (1954) ಹಾಲಿವುಡ್ಡಿನಲ್ಲಿ 1960ರಲ್ಲಿ ‘ದಿ ಮ್ಯಾಗ್ನಿಫಿಸೆಂಟ್ ಸೆವೆನ್’ ಆಯಿತು, 2016ರಲ್ಲಿ ಮತ್ತೊಮ್ಮೆ ಆಯಿತು; ಮೂರನೆಯ ಕಷಾಯದಲ್ಲಿ ಬೇರಿನ ರುಚಿ ಉಳಿದಿಲ್ಲ. (ಅದೇ ಕುರೊಸಾವಾನಿಂದ ಸ್ಫೂರ್ತಿ ಪಡೆದು ಗಿರೀಶ್ ಕಾರ್ನಾಡರು 1978ರಲ್ಲಿ ಮಾಡಿದ ‘ಒಂದಾನೊಂದು ಕಾಲದಲ್ಲಿ’ಯನ್ನು ನೋಡದವರು ಮೊದಲು ಅದನ್ನು ನೋಡಬೇಕು. ಮುಂಬಯಿಯ ರಂಗಭೂಮಿಯಲ್ಲಿ ಪಳಗಿದ ಶಂಕರನಾಗ್ ಅದರಲ್ಲಿ ಬಾಡಿಗೆ ಬಂಟನಾಗಿದ್ದಾರೆ.) ಟರಂಟಿನೋನ ‘ಜಾಂಗೋ ಅನ್‌ಚೈನ್ಡ್’ (2012) ಗುಲಾಮಗಿರಿಯ ಘೋರವನ್ನು ತೋರಿಸುವುದೇನೋ ನಿಜ, ಆದರೆ ಆ ಘೋರಕ್ಕೆ ಉತ್ತರವಾಗಿ ರಕ್ತದ ದೀಪಾವಳಿ ಮಾಡಿ ನಮ್ಮನ್ನು ಖುಷಿಯಾಗಿ ಮನೆಗೆ ಕಳಿಸುತ್ತದೆ. ಖುಷಿಯಾಗಿ ಬಂದದ್ದೇ ನನಗೆ ಹಿಡಿಸಲಿಲ್ಲ.

ಕ್ಲಿಂಟ್ ಈಸ್ಟ್‌ವುಡ್‌ನ ‘ಅನ್‌ಫರ್ಗಿವನ್’ (1992) ಈಚಿನದೆನ್ನಲು ಸ್ವಲ್ಪ ಹಳೆಯದು, ಆದರೂ ಅದನ್ನು ಬಿಟ್ಟು ಮಾತಾಡುವಂತಿಲ್ಲ. ವೇಶ್ಯೆಯೊಬ್ಬಳ ಮುಖವನ್ನು ಗಿರಾಕಿ ಚಾಕುವಿನಿಂದ ಕೊಯ್ಯುತ್ತಾನೆ. ಊರಿನ ಶೆರೀಫ್ ಮಾಡುವ ನ್ಯಾಯವೇನು? ಆಕೆಯ ಯಜಮಾನನಿಗೆ ನಷ್ಟಭರ್ತಿಯಾಗಿ ಕುದುರೆಗಳನ್ನು ಕೊಡಿಸುತ್ತಾನೆ. ಆಕೆಗೆ ಏನೂ ಇಲ್ಲ. ಅಂದರೆ ಕಾನೂನು ಎಂಬ ಹೆಸರಿದ್ದ ಮಾತ್ರಕ್ಕೆ ಅದು ನ್ಯಾಯವಲ್ಲ ಎಂದು ಚಿತ್ರ ಮೊದಲೇ ಹೇಳಿಬಿಡುತ್ತದೆ. ಆ ಹೆಂಗಸರು ದುಡ್ಡು ಕೂಡಿಸಿ ಕೊಲೆಗಾರರನ್ನು ಕರೆಸುತ್ತಾರೆ. ಅವರಲ್ಲೊಬ್ಬ, ತಾನು ಐದು ಜನರನ್ನು ಕೊಂದವನೆಂದು ಜಂಬ ಕೊಚ್ಚುವ ಹುಡುಗ. ಅವನು ನಿಜವಾಗಿ ಒಬ್ಬನನ್ನು ಕೊಲ್ಲುವುದು ಪಾಯಖಾನೆಯಲ್ಲಿ ಕೂತಿದ್ದಾಗ. ಆಮೇಲೆ ಮರದ ಕೆಳಗೆ ಕೂತು ಕುಡಿಯುತ್ತಾ ಅಳುತ್ತಾನೆ, ಬಂದೂಕು ಹಿಂದಿರುಗಿಸುತ್ತಾನೆ. ಇಷ್ಟಾದರೂ ಕೊನೆಯಲ್ಲಿ ಮುದಿ ಈಸ್ಟ್‌ವುಡ್ ಬಂದೂಕು ಹಿಡಿದು ಹೋಟೆಲಿನ ಬಾಗಿಲಲ್ಲಿ ನಿಂತಾಗ ನಮ್ಮ ಅಂಗೈ ತುರಿಸುತ್ತದೆ. ಆ ತುರಿಕೆಯನ್ನು ನಮಗೆ ಕಾಣಿಸಿಕೊಟ್ಟದ್ದೇ ಆ ಚಿತ್ರದ ದೊಡ್ಡತನ.

ಬಿ.ಎಸ್ಸಿ.ಯಲ್ಲಿ ಭೌತಶಾಸ್ತ್ರ ಓದಿದ ನನಗೆ ‘ಟ್ರೂ ಗ್ರಿಟ್’ (2010, ಕೋಯೆನ್ ಸೋದರರದು) ಚಿತ್ರದ ಒಂದು ದೃಶ್ಯ ಬಲು ಇಷ್ಟ. ತಂದೆಯನ್ನು ಕೊಂದವನನ್ನು ಹುಡುಕಿಕೊಂಡು ಹೊರಟ ಹದಿನಾಲ್ಕರ ಹುಡುಗಿ ಕೊನೆಗೆ ಅವನ ಎದೆಗೆ ಗುಂಡಿಡುತ್ತಾಳೆ. ಗುಂಡು ಮುಂದಕ್ಕೆ ಹೋದಾಗ ಬಂದೂಕು ಹಿಂದಕ್ಕೆ ಒದೆಯುತ್ತದೆ, ನ್ಯೂಟನ್ನನ ಮೂರನೆಯ ನಿಯಮ. ಆ ಒದೆತಕ್ಕೆ ಹುಡುಗಿ ಹಿಂದಿನ ಗುಂಡಿಗೆ ಬೀಳುತ್ತಾಳೆ, ಹಾವು ಕಚ್ಚುತ್ತದೆ, ಒಂದು ತೋಳು ಹೋಗುತ್ತದೆ. ಉಪದೇಶದ ಒಂದು ಮಾತೂ ಇಲ್ಲ.

ಜೇನ್ ಕ್ಯಾಂಪಿಯನ್ನರ ‘ದಿ ಪವರ್ ಆಫ್ ದಿ ಡಾಗ್’ (2021) ಬಂದೂಕಿನ ಕಾಳಗವಿಲ್ಲದ ವೆಸ್ಟರ್ನ್. ಚಿತ್ರ ಬಲು ನಿಧಾನ, ಮಕ್ಕಳನ್ನು ಕೂರಿಸಿಕೊಂಡು ನೋಡುವಂಥದಲ್ಲ, ಆದರೆ ದೊಡ್ಡವರು ಬಿಡಬಾರದು.

ನಮ್ಮಂಥ ಊರು ಬಿಟ್ಟು ಬಂದ ಸಂಸಾರಗಳಿಗೆ ನಾನು ಎರಡು ಚಿತ್ರಗಳನ್ನು ವಿಶೇಷವಾಗಿ ಹೇಳುತ್ತೇನೆ. ಒಂದು, ಕೆಲ್ಲಿ ರೈಕಾರ್ಡ್ ಎಂಬಾಕೆಯ ‘ಫಸ್ಟ್ ಕೌ’ (2019). 1820ರ ದಶಕದ ಆರೆಗಾನ್ ಕಾಡು. ಒಬ್ಬ ಬಡ ಅಡಿಗೆಯವನು, ಒಬ್ಬ ಚೀನಾದಿಂದ ಬಂದವನು. ಇಬ್ಬರ ಕೈಯಲ್ಲೂ ಕಾಸಿಲ್ಲ. ಎಣ್ಣೆಯಲ್ಲಿ ಕರಿದ ಸಿಹಿ ತಿಂಡಿ ಮಾಡಿ ಮಾರತೊಡಗುತ್ತಾರೆ, ಜನ ಮುಗಿಬೀಳುತ್ತಾರೆ. ಮಾಟುಂಗಾದಲ್ಲಿ 1942ರಿಂದ ರಾಮ ನಾಯಕರ ಊಟ ಉಣ್ಣುತ್ತ ಬಂದ ಕನ್ನಡಿಗರಿಗೆ ಈ ಕಥೆ ಹೊಸದೇ? ನಮ್ಮವರೂ ಮಸಾಲೆದೋಸೆಯ ಬಲದಿಂದಲ್ಲವೇ ಈ ನಗರದಲ್ಲಿ ಕಾಲೂರಿದ್ದು! ಆದರೆ ಒಂದು ತೊಡಕಿದೆ. ತಿಂಡಿಗೆ ಬೇಕಾದ ಹಾಲು ಆ ಸೀಮೆಗೆಲ್ಲ ಇರುವ ಒಂದೇ ಹಸುವಿನದು; ಹಸು ದೊಡ್ಡ ಸಾಹೇಬನದು; ಅವರು ರಾತ್ರಿ ಕದ್ದು ಕರೆಯುತ್ತಾರೆ. ಕರೆಯುವಾಗ ಅಡಿಗೆಯವನು ಹಸುವಿನೊಡನೆ ಮೆಲ್ಲಗೆ ಮಾತಾಡುತ್ತಾನೆ, ಗಂಡನನ್ನೂ ಕರುವನ್ನೂ ಕಳೆದುಕೊಂಡೆಯಲ್ಲಾ ಎಂದು ಸಮಾಧಾನ ಹೇಳುತ್ತಾನೆ. ಅವನು ಕಳ್ಳ ಹೌದು. ಆದರೆ ಕಾಡಿನ ಪ್ರಾಣಿಗಳ ತುಪ್ಪಳವನ್ನೆಲ್ಲ ಬಾಚಿ ಹಡಗಿಗೆ ತುಂಬಿಸುವ ಸಾಹೇಬನ ವ್ಯಾಪಾರಕ್ಕೆ ಏನೆಂದು ಹೆಸರು? ಮನೆಯಲ್ಲಿ ಈ ಚಿತ್ರ ಹಾಕಿದ ರಾತ್ರಿ ಊಟಕ್ಕೆ ಹನ್ನೊಂದಾಯಿತು. ಹಾಲು ಕದ್ದದ್ದು ತಪ್ಪೇ ಎಂದು ನನ್ನ ಹೆಂಡತಿಯದು ಖಡಾಖಂಡಿತ ತೀರ್ಪು, ಮಗಳದು ಅದಕ್ಕೆ ತದ್ವಿರುದ್ಧ.

ಇನ್ನೊಂದು, ‘ನ್ಯೂಸ್ ಆಫ್ ದಿ ವರ್ಲ್ಡ್’ (2020). 1870ರ ಟೆಕ್ಸಾಸ್. ಸೋತ ಪಕ್ಷದ ಮಾಜಿ ಕ್ಯಾಪ್ಟನ್ ಒಬ್ಬ ಊರೂರಿಗೆ ಹೋಗಿ ತಲೆಗೆ ಹತ್ತು ಸೆಂಟಿನಂತೆ ಪಡೆದು ಜನರಿಗೆ ವೃತ್ತಪತ್ರಿಕೆ ಓದಿ ಹೇಳುತ್ತಾನೆ. ದಾರಿಯಲ್ಲಿ ಅವನಿಗೆ ಒಂದು ಹುಡುಗಿ ಸಿಗುತ್ತದೆ. ಜರ್ಮನ್ ತಂದೆತಾಯಿಗೆ ಹುಟ್ಟಿ, ಅವರು ಕೊಲೆಯಾದ ಮೇಲೆ ಕಯೋವಾ ಬುಡಕಟ್ಟಿನವರ ಬಳಿ ಬೆಳೆದವಳು. ಹೆತ್ತವರ ಭಾಷೆ ಹೆಚ್ಚುಕಡಿಮೆ ಅಳಿಸಿಹೋಗಿದೆ, ಇಂಗ್ಲಿಷ್ ಬಾರದು. ‘ಬಂಧುಗಳ ಬಳಿ ಕಳಿಸುವುದು’ ಎಂದು ಸರಕಾರಿ ಕಾಗದದಲ್ಲಿ ಬರೆದಿದ್ದರೂ ಆಕೆಗೆ ಬಂಧುಗಳು ಯಾರು? ಮನೆಯಲ್ಲಿ ಕನ್ನಡ, ಗಲ್ಲಿಯಲ್ಲಿ ಮರಾಠಿ, ಶಾಲೆಯಲ್ಲಿ ಇಂಗ್ಲಿಷ್ ಆಡುವ ಮಕ್ಕಳನ್ನು ಸಾಕುತ್ತಿರುವ ನಾವು ಈ ಪ್ರಶ್ನೆಯನ್ನು ಹಗುರಾಗಿ ದಾಟಲಾರೆವು. ಚಿತ್ರದಲ್ಲಿ ಒಂದು ಕಾಳಗವಿದೆ. ಮದ್ದುಗುಂಡು ತೀರಿದಾಗ, ಪತ್ರಿಕೆ ಓದಿ ಗಳಿಸಿದ ಆ ಪುಡಿ ನಾಣ್ಯಗಳನ್ನೇ ತೋಟೆಗೆ ತುಂಬಿ ಹಾರಿಸುತ್ತಾರೆ. ಓದಿನ ಸಂಪಾದನೆಗೆ ಹೀಗೂ ಒಂದು ಗತಿ!

ಕಾನೂನಿನ ಪರವಾಗಿ ಇಷ್ಟೆಲ್ಲ ಬರೆದ ಗುಮಾಸ್ತನ ನಿದ್ದೆ ಕೆಡಿಸಿದ ಚಿತ್ರ ಮಾರ್ಟಿನ್ ಸ್ಕೊರ್ಸೆಸಿಯವರ ‘ಕಿಲ್ಲರ್ಸ್ ಆಫ್ ದಿ ಫ್ಲವರ್ ಮೂನ್’ (2023). ಮೂರೂವರೆ ಗಂಟೆಗೆ ನಾಲ್ಕೇ ನಿಮಿಷ ಕಡಿಮೆ. ಎರಡು ರಾತ್ರಿಗೆ ಹಂಚಿಕೊಂಡು ನೋಡಬಹುದು. 1920ರ ದಶಕದಲ್ಲಿ ಒಕ್ಲಹೋಮಾದ ಓಸೇಜ್ ಜನರ ನೆಲದಲ್ಲಿ ಎಣ್ಣೆ ಸಿಕ್ಕಿ ಅವರು ಶ್ರೀಮಂತರಾದಾಗ, ಅವರ ಪಾಲಿನ ಹಣಕ್ಕಾಗಿ ಒಬ್ಬೊಬ್ಬರನ್ನಾಗಿ ಕೊಂದ ನಿಜ ಸಂಗತಿ. ಇಲ್ಲಿ ದರೋಡೆಕೋರರು ಗುಡ್ಡದಲ್ಲಿ ಇಲ್ಲ, ಕುದುರೆಯ ಮೇಲೂ ಬರುವುದಿಲ್ಲ. ತಮ್ಮ ಹಣ ತಾವು ನೋಡಿಕೊಳ್ಳಲು ಓಸೇಜರು ‘ಅಸಮರ್ಥರು’ ಎಂದು ತೀರ್ಮಾನಿಸಿ ಅವರ ಮೇಲೆ ಬಿಳಿಯ ಪಾಲಕರನ್ನು ನೇಮಿಸಿದ್ದು ಕಾನೂನೇ. ಅರ್ಜಿ, ಮಂಜೂರಾತಿ, ರುಜು, ಎಲ್ಲವೂ ಕ್ರಮಬದ್ಧ. ಮಾಲಿ ಎಂಬ ಓಸೇಜ್ ಹೆಣ್ಣುಮಗಳು ತನ್ನದೇ ಹಣ ಕೇಳಲು ಆ ಮೇಜಿನ ಮುಂದೆ ಕೂತು ತನ್ನ ಹೆಸರಿನ ಜತೆ ‘ಅಸಮರ್ಥಳು’ ಎಂಬ ಪದವನ್ನೂ ತಾನೇ ಉಚ್ಚರಿಸಬೇಕು. ಆ ಮೇಜಿನ ಆಚೆ ಕೂತವನ ಮುಖವನ್ನು ನಾನು ಎರಡು ಸಲ ಹಿಂದಕ್ಕೆ ಓಡಿಸಿ ನೋಡಿದೆ. ಅವನು ಕ್ರೂರಿಯಂತೆ ಕಾಣುವುದಿಲ್ಲ. ಕೆಲಸ ಮುಗಿಸುವ ಆತುರದಲ್ಲಿರುವ ಯಾವುದೇ ಕಚೇರಿಯ ಯಾವುದೇ ಮನುಷ್ಯನಂತೆ ಕಾಣುತ್ತಾನೆ.

ಮಾಲಿಯ ತಾಯಿ, ಅಕ್ಕತಂಗಿಯರು ಸತ್ತರು. ಸಂಚಿನ ಮುಖ್ಯಸ್ಥ ವಿಲಿಯಂ ಹೇಲ್‌ಗೆ 1929ರಲ್ಲಿ ಶಿಕ್ಷೆಯಾಯಿತು, 1947ರಲ್ಲಿ ಬಿಡುಗಡೆಯೂ ಆಯಿತು. ಇದನ್ನು ಹೇಳುವುದಕ್ಕೆ ಸ್ಕೊರ್ಸೆಸಿ ಚಿತ್ರದ ಕೊನೆಯಲ್ಲಿ ಒಂದು ಹಳೆಯ ಕಾಲದ ರೇಡಿಯೋ ನಾಟಕದ ವೇದಿಕೆ ಕಟ್ಟುತ್ತಾರೆ. ಕೊಲೆಗಳ ಕಥೆಯನ್ನು ತರಹೇವಾರಿ ಸದ್ದುಗಳೊಡನೆ ನಟರು ಓದುತ್ತಾರೆ, ಎದುರಿಗೆ ಒಳ್ಳೆಯ ಬಟ್ಟೆ ತೊಟ್ಟ ಪ್ರೇಕ್ಷಕರು. ಕೊನೆಗೆ ಸ್ಕೊರ್ಸೆಸಿಯವರೇ ಮೈಕಿನ ಮುಂದೆ ಬಂದು ಮಾಲಿಯ ಮರಣವಾರ್ತೆ ಓದುತ್ತಾರೆ. ಆ ವಾರ್ತೆಯಲ್ಲಿ ಕೊಲೆಗಳ ಪ್ರಸ್ತಾಪವೇ ಇರಲಿಲ್ಲ ಎಂದು ಹೇಳಿ ನಿಲ್ಲಿಸುತ್ತಾರೆ.