ನಮ್ಮ ಸಹಿ ಇಲ್ಲದ ಒಪ್ಪಂದ

ಆರೋಗ್ಯ ವಿಮೆ ಮಾಡಿಸಿಕೊಂಡವರ ಕಪಾಟಿನಲ್ಲಿರುವ ಒಪ್ಪಂದ ಅವರಿಗೂ ವಿಮಾ ಕಂಪನಿಗೂ ಆದದ್ದು. ಆಸ್ಪತ್ರೆಯ ಬಾಗಿಲಿಗೆ ಹೋದಾಗ ಕೆಲಸಕ್ಕೆ ಬರುವುದು ಇನ್ನೊಂದು. ಅದು ಕಂಪನಿಗೂ ಆಸ್ಪತ್ರೆಗೂ ಆದದ್ದು. ಮಂಡಿ ಬದಲಿಸಲು ಇಷ್ಟು, ಸ್ಟೆಂಟ್ ಹಾಕಲು ಇಷ್ಟು, ಐಸಿಯು ಹಾಸಿಗೆಗೆ ದಿನಕ್ಕೆ ಇಷ್ಟು ಎಂಬ ದರಪಟ್ಟಿ ಅದರೊಳಗಿದೆ. ರೋಗಿ ಅದನ್ನು ನೋಡಿರುವುದಿಲ್ಲ, ಅದಕ್ಕೆ ಸಹಿ ಹಾಕಿರುವುದಿಲ್ಲ. ಅದು ಮುರಿದ ದಿನ ಭಾರವೆಲ್ಲ ಬೀಳುವುದು ಅವರ ಮೇಲೆಯೇ. ನಾವು ಓದದ ಕಾಗದವೊಂದು ನಮ್ಮ ಜೀವದ ಮೇಲೆ ಇಷ್ಟು ಅಧಿಕಾರ ಪಡೆದದ್ದು ಹೇಗೆ ಎಂಬ ಪ್ರಶ್ನೆ ನನ್ನನ್ನು ಬಹಳ ದಿನಗಳಿಂದ ಕಾಡುತ್ತಿದೆ.

ಕಂಪನಿಗಳಿಗೂ ಆಸ್ಪತ್ರೆಗಳಿಗೂ ನಡುವಿನ ದರದ ಜಗಳ ಹೊಸದೇನಲ್ಲ. 2010ರ ಜುಲೈನಲ್ಲಿ ಸರ್ಕಾರಿ ವಲಯದ ನಾಲ್ಕು ಸಾಮಾನ್ಯ ವಿಮಾ ಕಂಪನಿಗಳು ದೆಹಲಿ, ಮುಂಬೈ, ಚೆನ್ನೈ, ಬೆಂಗಳೂರಿನ ಅನೇಕ ದೊಡ್ಡ ಆಸ್ಪತ್ರೆಗಳಲ್ಲಿ, ಬಿಲ್ಲನ್ನು ಕಂಪನಿಯೇ ನೇರವಾಗಿ ಕಟ್ಟುವ ಕ್ಯಾಶ್‌ಲೆಸ್ ಸೌಲಭ್ಯ ನಿಲ್ಲಿಸಿದವು. ಬಿಲ್ಲುಗಳು ಮಿತಿಮೀರಿವೆ ಎಂಬುದು ಅವುಗಳ ದೂರು. ಜಗ್ಗಾಟ ನಡೆದು, ಒಪ್ಪಿದ ಪ್ಯಾಕೇಜ್ ದರಕ್ಕೆ ಚಿಕಿತ್ಸೆ ಕೊಡುವ ಆಸ್ಪತ್ರೆಗಳ ಬೇರೊಂದು ಪಟ್ಟಿ ತಯಾರಾಯಿತು. 2025ರ ಆಗಸ್ಟ್‌ನಲ್ಲಿ ಪೆಟ್ಟು ಎದುರು ದಿಕ್ಕಿನಿಂದ ಬಂತು. ಎಎಚ್‌ಪಿಐ ಎಂಬ ಆಸ್ಪತ್ರೆಗಳ ಸಂಘಟನೆ, ಬಜಾಜ್ ಅಲಯನ್ಸ್ ಪಾಲಿಸಿದಾರರಿಗೆ ಸೆಪ್ಟೆಂಬರ್ 1ರಿಂದ ಕ್ಯಾಶ್‌ಲೆಸ್ ನಿಲ್ಲಿಸಿ ಎಂದು ಉತ್ತರ ಭಾರತದ ತನ್ನ ಸದಸ್ಯ ಆಸ್ಪತ್ರೆಗಳಿಗೆ ಸೂಚಿಸಿತು. ಖರ್ಚು ಏರಿದರೂ ದರ ಪರಿಷ್ಕರಿಸುತ್ತಿಲ್ಲ ಎಂಬುದು ಆಸ್ಪತ್ರೆಗಳ ಅಳಲು. ಮಾತುಕತೆ ನಡೆದು ಆ ಪ್ರಕರಣ ತಣ್ಣಗಾಯಿತು. ಎರಡೂ ಕಡೆಯ ದೂರಿನಲ್ಲಿ ಸತ್ಯವಿದೆ. ದಾದಿಯರ ಸಂಬಳ, ಉಪಕರಣ, ಔಷಧಿ ಎಲ್ಲವೂ ಏರಿರುವುದು ಸುಳ್ಳಲ್ಲ. ವಿಮೆ ಇದೆ ಎಂದು ತಿಳಿದ ಕೂಡಲೇ ಕೆಲವು ಕಡೆ ಪರೀಕ್ಷೆಗಳ ಪಟ್ಟಿ ಉದ್ದವಾಗುವುದೂ ಸುಳ್ಳಲ್ಲ.

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಎಂಬ ಗಾದೆ ಥಟ್ಟನೆ ನೆನಪಾಗುತ್ತದೆ. ಆದರೆ ಇಲ್ಲಿ ಕೂಸು ಎನಿಸಿಕೊಂಡವರೇ ಮನೆಯ ಖರ್ಚು ನಡೆಸುವವರು. ಕಂಪನಿಯ ಪ್ರೀಮಿಯಂ, ಆಸ್ಪತ್ರೆಯ ಬಿಲ್ಲು, ಎರಡೂ ಹೊರಡುವುದು ಒಂದೇ ಜೇಬಿನಿಂದ.

ಬೆಂಗಳೂರಿನ ದೊಡ್ಡ ಆಸ್ಪತ್ರೆಯೊಂದರ ವಿಮೆಯ ಕಾಗದಪತ್ರ ನೋಡುವ ಟಿಪಿಎ ಡೆಸ್ಕಿನ ಮುಂದೆ ಒಂದು ಸಂಜೆ ಕೂತಿದ್ದೆ. ನನ್ನ ಪಕ್ಕದಲ್ಲಿದ್ದವರು ಹಾಸನದ ಕಡೆಯವರು. ತಂದೆಯನ್ನು ಆಪರೇಷನ್‌ಗೆ ಕರೆತಂದಿದ್ದರು. ಕೈಯಲ್ಲಿ ಪ್ಲಾಸ್ಟಿಕ್ ಫೋಲ್ಡರ್, ಅದರೊಳಗೆ ವಿಮೆಯ ಕಾರ್ಡು, ಆಧಾರ್ ಜೆರಾಕ್ಸ್, ಎಕ್ಸ್‌ರೇ. ಡೆಸ್ಕಿನ ಹುಡುಗಿ ಕಾರ್ಡಿನ ನಂಬರು ಹೊಡೆದು ನೋಡಿ, ದನಿ ತಗ್ಗಿಸಿ ಹೇಳಿದಳು: "ಸಾರ್, ನಿಮ್ಮ ಕಂಪನಿ ಈಗ ನಮ್ಮ ಪ್ಯಾನೆಲ್‌ನಲ್ಲಿಲ್ಲ. ಡೆಪಾಸಿಟ್ ಕಟ್ಟಿ ಅಡ್ಮಿಟ್ ಮಾಡ್ಸಿ, ಆಮೇಲೆ ರೀಇಂಬರ್ಸ್‌ಮೆಂಟ್ ಹಾಕ್ಕೊಳ್ಳಿ." ಆತ ವಾದ ಮಾಡಲಿಲ್ಲ. ಹೊರಗೆ ಹೋಗಿ ಫೋನು ಹಚ್ಚಿದರು. "ಭಾವ, ಅಕ್ಕನ ಹತ್ರ ಒಂದು ಮಾತು ಕೇಳ್ತೀರಾ? ಒಡವೆ ಇಟ್ರೂ ಪರವಾಗಿಲ್ಲ, ನಾಳೆ ಬೆಳಿಗ್ಗೆಗೆ ಬೇಕಿತ್ತು."

ವರ್ಷ ವರ್ಷ ತಪ್ಪದೆ ಕಂತು ಕಟ್ಟಿ ಅವರು ಕೊಂಡಿದ್ದು ಏನು? ಲೆಕ್ಕದ ಪ್ರಕಾರ, ಚಿಕಿತ್ಸೆಯ ವೆಚ್ಚ. ಆ ವೆಚ್ಚ ಒಂದೆರಡು ತಿಂಗಳಲ್ಲಿ ಅವರ ಖಾತೆಗೆ ಬರಲೂಬಹುದು. ಆಗ ಕಂಪನಿ ಮಾತು ಉಳಿಸಿಕೊಂಡೆ ಎನ್ನುತ್ತದೆ, ಲೆಕ್ಕವೂ ತಾಳೆಯಾಗುತ್ತದೆ. ನನಗೆ ಕಾಣುವಂತೆ ಅವರು ಕೊಂಡದ್ದು ಬೇರೆಯೇ. ತಂದೆ ನೋವಿನಲ್ಲಿ ಮಲಗಿರುವಾಗ ಯಾರ ಮುಂದೆಯೂ ಕೈಚಾಚಬೇಕಾಗಬಾರದು ಎಂಬ ಒಂದು ನೆಮ್ಮದಿ. ಭಾವನಿಗೆ ಫೋನು ಮಾಡಿದ ಕ್ಷಣದಲ್ಲೇ ಅದು ಹೋಯಿತು. ಆಮೇಲೆ ಬರುವ ಯಾವ ಚೆಕ್ಕಿನಲ್ಲೂ ಅದು ವಾಪಸು ಬರುವುದಿಲ್ಲ.

ಮೊದಲು ಹೀಗಿರಲಿಲ್ಲ. 1929ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ ಬೇಲರ್ ಆಸ್ಪತ್ರೆಯೇ ಶಾಲಾ ಶಿಕ್ಷಕರಿಂದ ತಿಂಗಳಿಗೆ 50 ಸೆಂಟ್ ಪಡೆದು, ವರ್ಷಕ್ಕೆ 21 ದಿನಗಳವರೆಗೆ ಆಸ್ಪತ್ರೆವಾಸದ ಭರವಸೆ ಕೊಟ್ಟಿತ್ತು. ಇಂದಿನ ಬ್ಲೂ ಕ್ರಾಸ್ ವಿಮೆಯ ಬೇರು ಅಲ್ಲಿದೆ. ದುಡ್ಡು ಪಡೆದವರೇ ಚಿಕಿತ್ಸೆ ಕೊಡುವವರು. ಆಮೇಲೆ ಇಬ್ಬರೂ ಬೇರೆ ಬೇರೆಯಾಗಿ ಬೆಳೆದರು, ನಡುವೆ ದರದ ಚೌಕಾಸಿ ಹುಟ್ಟಿತು, ಚೌಕಾಸಿ ನಡೆಯುವ ಕೋಣೆಯಿಂದ ರೋಗಿ ಹೊರಗುಳಿದರು.

ಹೊರಗೆ ನಿಂತವರು ತಿಳಿದಿರಬೇಕಾದ ಮೊದಲ ಸಂಗತಿ ಧೈರ್ಯ ಕೊಡುವಂಥದ್ದೇ. ಆಸ್ಪತ್ರೆ ನೆಟ್‌ವರ್ಕಿನಿಂದ ಹೊರಬಿದ್ದರೆ ಪಾಲಿಸಿ ಸಾಯುವುದಿಲ್ಲ. ಅಲ್ಲೇ ಚಿಕಿತ್ಸೆ ಪಡೆದು, ದುಡ್ಡು ಕಟ್ಟಿ, ಮರುಪಾವತಿ ಕೇಳಬಹುದು. ಆದರೆ ಆಗ ಕಂಪನಿ ಮಾತಾಡಿಕೊಂಡ ದರ ನಮಗೆ ಸಿಗದು, ಆಸ್ಪತ್ರೆಯ ಮಾಮೂಲಿ ದರ ಬೀಳುತ್ತದೆ. ನ್ಯಾಯವಾದ, ವಾಡಿಕೆಯ ದರಕ್ಕಿಂತ ಹೆಚ್ಚಿದ್ದನ್ನು ಕೊಡುವುದಿಲ್ಲ ಎಂಬ ಷರತ್ತು ಪಾಲಿಸಿಗಳಲ್ಲಿ ಇರುತ್ತದೆ. ನೆಟ್‌ವರ್ಕಿನ ಹೊರಗಿನ ಚಿಕಿತ್ಸೆಗೆ ಒಂದಿಷ್ಟು ಪಾಲು ನೀವೇ ಕೊಡಬೇಕು ಎನ್ನುವ ಪಾಲಿಸಿಗಳೂ ಇವೆ. ಆದ್ದರಿಂದ ದಾಖಲಾಗುವ ಮೊದಲು ಅಂದಾಜು ವೆಚ್ಚವನ್ನು ಬರಹದಲ್ಲಿ ಪಡೆದು ಕಂಪನಿಗೆ ಇಮೇಲ್ ಮಾಡಿಬಿಡುವುದು ಒಳ್ಳೆಯದು.

ಎರಡನೆಯದು ಗಂಭೀರ. ಪ್ಯಾನೆಲ್‌ನಲ್ಲಿ ಇಲ್ಲದಿರುವುದು ಒಂದು, ಕಂಪನಿ ಹೆಸರಿಸಿ ಹೊರಗಿಟ್ಟಿರುವುದು ಇನ್ನೊಂದು. ವಂಚನೆಯ ಅನುಮಾನ ಮುಂತಾದ ಕಾರಣಕ್ಕೆ ಕಂಪನಿಗಳು ಕೆಲವು ಆಸ್ಪತ್ರೆಗಳನ್ನು ನಿಷೇಧಿಸಿ ತಮ್ಮ ವೆಬ್‌ಸೈಟಿನಲ್ಲಿ ಪಟ್ಟಿ ಹಾಕಿರುತ್ತವೆ. ಅಂಥಲ್ಲಿ ಮರುಪಾವತಿಯೂ ಇಲ್ಲ. ಜೀವಕ್ಕೆ ಅಪಾಯವಿದ್ದಾಗ ಅಥವಾ ಅಪಘಾತವಾದಾಗ ಮಾತ್ರ, ರೋಗಿಯ ಸ್ಥಿತಿ ಹತೋಟಿಗೆ ಬರುವವರೆಗಿನ ಖರ್ಚು ಸಿಗುತ್ತದೆ. ಪಾಲಿಸಿಯ ಹೊರಗಿಡುವಿಕೆಗಳ ಭಾಗದಲ್ಲಿ 11ನೇ ಸಂಕೇತದಡಿ ಇದು ಅಚ್ಚಾಗಿರುತ್ತದೆ. ನಮ್ಮ ಆಸ್ಪತ್ರೆಗೆ ಆಗಿರುವುದು ಇವೆರಡರಲ್ಲಿ ಯಾವುದು ಎಂದು ಕಂಪನಿಯಿಂದಲೇ ಬರಹದಲ್ಲಿ ಕೇಳಿ ತಿಳಿಯದೆ ಮುಂದಡಿ ಇಡಬಾರದು. ಡೆಸ್ಕಿನಲ್ಲಿ ಸಿಗುವ ಬಾಯಿಮಾತು ಇಲ್ಲಿ ಸಾಲದು.

2024ರ ಜನವರಿಯಲ್ಲಿ ಸಾಮಾನ್ಯ ವಿಮಾ ಮಂಡಳಿ 'ಕ್ಯಾಶ್‌ಲೆಸ್ ಎವೆರಿವೇರ್' ವ್ಯವಸ್ಥೆ ತಂದಿತು. ನೆಟ್‌ವರ್ಕಿನಲ್ಲಿ ಇಲ್ಲದ ಆಸ್ಪತ್ರೆಯಲ್ಲೂ ಕ್ಯಾಶ್‌ಲೆಸ್ ಕೇಳಬಹುದು. ಮೊದಲೇ ಗೊತ್ತಿರುವ ಚಿಕಿತ್ಸೆಯಾದರೆ 48 ಗಂಟೆ ಮುಂಚೆ, ತುರ್ತಾದರೆ ದಾಖಲಾದ 48 ಗಂಟೆಯೊಳಗೆ ತಿಳಿಸಬೇಕು. ಆಸ್ಪತ್ರೆಯೂ ಒಪ್ಪಿದರಷ್ಟೇ ನಡೆಯುವ ಮಾತು ಇದು. ಆದರೂ ಕೇಳಬೇಕು, ಕೇಳಿದ್ದಕ್ಕೆ ದಾಖಲೆ ಇರಬೇಕು. ಆ ವರ್ಷದ ಮೇ ತಿಂಗಳಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಹೊರಡಿಸಿದ ಸುತ್ತೋಲೆ, ಕ್ಯಾಶ್‌ಲೆಸ್ ಕೋರಿಕೆಗೆ 1 ಗಂಟೆಯೊಳಗೆ, ಬಿಡುಗಡೆಯ ಅನುಮತಿಗೆ 3 ಗಂಟೆಯೊಳಗೆ ಕಂಪನಿ ಉತ್ತರಿಸಬೇಕು ಎನ್ನುತ್ತದೆ. ತುರ್ತು ಸ್ಥಿತಿಯಲ್ಲಿ ಮುಂಗಡಕ್ಕಾಗಿ ಆಸ್ಪತ್ರೆ ಪಟ್ಟು ಹಿಡಿಯುವಂತಿಲ್ಲ ಎಂದು ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ 2017ರಲ್ಲಿ ತಿದ್ದುಪಡಿಯಾಗಿದೆ. ಕಾನೂನು ಬಲ್ಲವರ ಮುಂದೆ ಕೌಂಟರಿನ ಮಾತು ಸ್ವಲ್ಪ ಮೆತ್ತಗಾಗುವುದನ್ನು ನಾನು ಕಂಡಿದ್ದೇನೆ.

ಮರುಪಾವತಿಯ ದಾರಿ ಹಿಡಿದವರಿಗೆ ಕಾಗದವೇ ದೇವರು. ಡಿಸ್ಚಾರ್ಜ್ ಸಮ್ಮರಿ, ಬಾಬ್ತುವಾರು ಬಿಡಿಸಿದ ಬಿಲ್ಲು, ಹಣ ಕಟ್ಟಿದ ರಸೀದಿ, ವೈದ್ಯರ ಚೀಟಿಗೆ ತಾಳೆಯಾಗುವ ಔಷಧಿ ಬಿಲ್ಲು, ಎಲ್ಲದರ ಮೂಲಪ್ರತಿ. ಸ್ಟೆಂಟ್ ಅಥವಾ ಕೃತಕ ಮಂಡಿ ಹಾಕಿದ್ದರೆ ಅದರ ಡಬ್ಬದ ಮೇಲಿನ ಬೆರಳಗಲದ ಸ್ಟಿಕರ್ ಕೂಡ ಬೇಕು. ಅದಿಲ್ಲವೆಂದು ಕ್ಲೈಮು ವಾರಗಟ್ಟಲೆ ನಿಂತೀತು. ಕಂಪನಿ ಅನ್ಯಾಯ ಮಾಡಿದರೆ ಮೊದಲು ಅದರ ಕುಂದುಕೊರತೆ ವಿಭಾಗಕ್ಕೆ ಬರೆಯಬೇಕು. ತಿಂಗಳಾದರೂ ಪರಿಹಾರ ಸಿಗದಿದ್ದರೆ ವಿಮಾ ಒಂಬುಡ್ಸ್‌ಮನ್ ಇದ್ದಾರೆ. ನಮ್ಮ ರಾಜ್ಯದವರಿಗೆ ಕಚೇರಿ ಬೆಂಗಳೂರಿನ ಜೆ.ಪಿ. ನಗರದಲ್ಲಿ. ಶುಲ್ಕವಿಲ್ಲ, ವಕೀಲರು ಬೇಕಿಲ್ಲ, 50 ಲಕ್ಷ ರೂಪಾಯಿವರೆಗಿನ ಪರಿಹಾರ ಕೊಡಿಸುವ ಅಧಿಕಾರ ಅವರಿಗಿದೆ. ಸಿಟ್ಟಿನಲ್ಲಿ ಪಾಲಿಸಿ ನಿಲ್ಲಿಸುವುದು ಮಾತ್ರ ಬೇಡ. ನವೀಕರಣಕ್ಕೆ ಒಂದೂವರೆ ತಿಂಗಳು ಮೊದಲೇ ಪಾಲಿಸಿಯನ್ನು ಬೇರೆ ಕಂಪನಿಗೆ ಪೋರ್ಟ್ ಮಾಡಲು ಅರ್ಜಿ ಹಾಕಿದರೆ, ಹಳೆಯ ಕಾಯಿಲೆಗಳಿಗೆ ಕಾದು ಕಳೆದ ವರ್ಷಗಳು ಹೊಸ ಕಂಪನಿಯಲ್ಲೂ ಲೆಕ್ಕಕ್ಕೆ ಬರುತ್ತವೆ. ಆದರೆ ಹೊಸ ಕಂಪನಿ ಬೇಡ ಎನ್ನಬಹುದು. ಅದು ಒಪ್ಪುವವರೆಗೆ ಹಳೆಯದನ್ನು ಬಿಡಬಾರದು.

ಇಷ್ಟೆಲ್ಲ ತಿಳಿದ ಮೇಲೂ ಉಳಿಯುವ ಒಂದು ನಷ್ಟವಿದೆ. ಕೀಮೋದ ಆರು ಸುತ್ತಿನಲ್ಲಿ ಮೂರು ಮುಗಿಸಿದವರಿಗೆ 'ಪಟ್ಟಿಯಲ್ಲಿರುವ ಬೇರೆ ಆಸ್ಪತ್ರೆಗೆ ಹೋಗಿ' ಎನ್ನುವುದು ಸುಲಭ. ಯಾವ ಕೈಯ ನರ ಸಿಗುತ್ತದೆ ಎಂದು ಬಲ್ಲ ನರ್ಸು, ಎರಡನೇ ಸುತ್ತಿನಲ್ಲಿ ಜ್ವರ ಬಂದದ್ದು ಯಾಕೆಂದು ನೆನಪಿಟ್ಟ ವೈದ್ಯರು, 'ಅಮ್ಮಾ, ಈ ಸಲ ಊಟ ಸೇರ್ತಿದೆಯಾ?' ಎಂದು ಕೇಳುವ ದನಿ, ಇವು ಯಾವ ದರಪಟ್ಟಿಯಲ್ಲೂ ಇಲ್ಲ. ಬೆಲೆ ಕಟ್ಟಲಾಗದ್ದನ್ನು ಒಪ್ಪಂದ ಲೆಕ್ಕಕ್ಕೆ ಹಿಡಿಯುವುದಿಲ್ಲ, ಕಾಯಿಲೆಯವರು ನೆಚ್ಚಿಕೊಂಡಿರುವುದು ಅದನ್ನೇ. ಅಂಥವರು ತಮ್ಮ ವೈದ್ಯರನ್ನೇ ಕೇಳಬೇಕು, ಅವರು ಬೇರೆಲ್ಲಿ ನೋಡುತ್ತಾರೆ ಎಂದು. ನಮ್ಮ ನಗರಗಳಲ್ಲಿ ಎರಡು ಮೂರು ಆಸ್ಪತ್ರೆಗಳಿಗೆ ಹೋಗುವ ತಜ್ಞರು ಬಹಳ. ಬದಲಿಸಲೇಬೇಕಾದರೆ ವರದಿಗಳ ಜೊತೆ ಬಯಾಪ್ಸಿಯ ಬ್ಲಾಕು, ಸ್ಲೈಡುಗಳನ್ನೂ ಕೇಳಿ ಪಡೆಯಬೇಕು. ಹೊಸ ಆಸ್ಪತ್ರೆ ಅವನ್ನು ಮತ್ತೆ ನೋಡಬಯಸುತ್ತದೆ.

ಬೇಲರ್ ಆಸ್ಪತ್ರೆಯ ದೇಶದಲ್ಲಿ 2022ರ ಜನವರಿಯಿಂದ ಒಂದು ಕಾನೂನು ಜಾರಿಯಲ್ಲಿದೆ. ಕಂಪನಿ ಮತ್ತು ಆಸ್ಪತ್ರೆಯ ಒಪ್ಪಂದ ಮುರಿದರೂ, ಗರ್ಭಿಣಿಯರಿಗೆ, ಗಂಭೀರ ಕಾಯಿಲೆಗೆ ಚಿಕಿತ್ಸೆ ಪಡೆಯುತ್ತಿರುವವರಿಗೆ, ಒಳರೋಗಿಗಳಿಗೆ 90 ದಿನಗಳವರೆಗೆ ಹಳೆಯ ದರದಲ್ಲೇ ಅದೇ ವೈದ್ಯರ ಬಳಿ ಚಿಕಿತ್ಸೆ ಮುಂದುವರಿಸುವ ಹಕ್ಕಿದೆ. ಅಲ್ಲಿನ ವಿಮಾ ವ್ಯವಸ್ಥೆಯ ಕ್ರೌರ್ಯಗಳು ಬೇಕಾದಷ್ಟಿವೆ, ಆದರೆ ಇದೊಂದನ್ನು ನಾವು ಕಣ್ಣಿಗೊತ್ತಿಕೊಂಡು ತರಬಹುದು. ಇಷ್ಟು ಸ್ಪಷ್ಟವಾದ ರಕ್ಷಣೆ ನಮ್ಮಲ್ಲಿಲ್ಲ. ವಿಮಾ ನಿಯಂತ್ರಣ ಪ್ರಾಧಿಕಾರ ಗಂಟೆಗಳ ಲೆಕ್ಕದಲ್ಲಿ ಗಡುವು ಕೊಡಬಲ್ಲದು ಎಂದು ತೋರಿಸಿಕೊಟ್ಟಿದೆ. ಅರ್ಧ ಚಿಕಿತ್ಸೆಯಲ್ಲಿರುವವರಿಗೆ ಮೂರು ತಿಂಗಳು ಕೊಡಿ, ಒಪ್ಪಂದ ಮುರಿಯುವ ಮೊದಲು ಪ್ರತಿ ಪಾಲಿಸಿದಾರರಿಗೂ ಕನ್ನಡದಲ್ಲಿ ತಿಳಿಸಿ ಎಂದು ಕಂಪನಿಗಳಿಗೂ ಆಸ್ಪತ್ರೆಗಳಿಗೂ ಒಟ್ಟಿಗೆ ಹೇಳಲು ಅದಕ್ಕೆ ಕಷ್ಟವೇನಿಲ್ಲ.