ಗುಟ್ಟೂ ಬೇಕು, ಸಾಕ್ಷಿಯೂ ಬೇಕು

ಗುಟ್ಟಿಲ್ಲದ ಹೆಂಗಸು ಉಂಟೆ? ಗಂಡಸರು ಕೇಳಿದರೆ ಈ ಪ್ರಶ್ನೆಯಲ್ಲಿ ಒಂದಿಷ್ಟು ಕುಹಕವಿರುತ್ತದೆ. ನಾವೇ ಕೇಳಿಕೊಂಡರೆ ಒಂದು ನಿಟ್ಟುಸಿರಿರುತ್ತದೆ. ಸಾಸಿವೆ ಡಬ್ಬಿಯ ತಳದಲ್ಲಿ, ರೇಷ್ಮೆ ಸೀರೆಯ ಮಡಿಕೆಯಲ್ಲಿ, ದೇವರ ಪಟದ ಹಿಂದೆ ಇಟ್ಟ ನಾಲ್ಕು ಕಾಸು ಕದ್ದದ್ದಲ್ಲ. ಪ್ರತಿಯೊಂದಕ್ಕೂ ಕೈಚಾಚುವ ಅವಮಾನದಿಂದ ಪಾರಾಗಲು ನಮ್ಮ ತಾಯಂದಿರು ಕಂಡುಕೊಂಡ ದಾರಿ. ಹೀಗೆ ಬಚ್ಚಿಟ್ಟದ್ದು ನಮ್ಮದಾಗಿ ಉಳಿಯುವುದು ಬೇರೆ ಯಾರಿಗೂ ಗೊತ್ತಿಲ್ಲ ಎಂಬುದರ ಬಲದಿಂದ. ಆದರೆ ಯಾರಿಗೂ ಗೊತ್ತಿಲ್ಲದ ವಸ್ತು ಒಂದು ದಿನ ನಮ್ಮ ಕೈಗೂ ಸಿಗದೆ ಹೋದರೆ, ಅದು ನಮ್ಮದೇ ಎಂದು ಹೇಳುವವರು ಯಾರು? ಈ ಪ್ರಶ್ನೆ ಹಳೆಯದು. ಅದನ್ನು ನನ್ನ ಮುಂದೆ ಹೊಸದಾಗಿ ತಂದು ನಿಲ್ಲಿಸಿದ್ದು ಕೆಟ್ಟುಹೋದ ಒಂದು ಕಂಪ್ಯೂಟರ್ ಫೈಲಿನ ಕಥೆ.

ಬಿಟ್‌ಕಾಯಿನ್ ಎಂಬ ಹೆಸರನ್ನು ನೀವೂ ಪತ್ರಿಕೆಗಳಲ್ಲಿ ಓದಿರುತ್ತೀರಿ. 2009ರಲ್ಲಿ ಶುರುವಾದ, ಯಾವ ಸರ್ಕಾರವೂ ಯಾವ ಬ್ಯಾಂಕೂ ಅಚ್ಚು ಹಾಕದ ಹಣ ಅದು. ಅದನ್ನು ಕೊಳ್ಳಿ ಎಂದಾಗಲಿ, ಬೇಡ ಎಂದಾಗಲಿ ಹೇಳುವುದು ನನ್ನ ಉದ್ದೇಶವಲ್ಲ. ಅದನ್ನು ಇಡುವುದಕ್ಕೆ ‘ವ್ಯಾಲೆಟ್’ ಎನ್ನುತ್ತಾರೆ. ಹಾಗೆಂದರೆ ಪರ್ಸು ತಾನೆ, ಒಳಗೆ ದುಡ್ಡಿರಬೇಕಲ್ಲ ಎಂದು ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ಅಕ್ಕನ ಮಗನನ್ನು ಕೇಳಿದೆ. ಅವನು ನಕ್ಕು, “ಇಲ್ಲ ಚಿಕ್ಕಮ್ಮ, ಪರ್ಸಿನಲ್ಲಿ ದುಡ್ಡೇ ಇರೋದಿಲ್ಲ. ಯಾವ ಲೆಕ್ಕದಲ್ಲಿ ಎಷ್ಟಿದೆ ಅನ್ನೋ ಖಾತೆ ಪುಸ್ತಕ ಲೋಕಕ್ಕೆಲ್ಲ ಕಾಣೋ ಹಾಗೆ ಸಾವಿರಾರು ಕಂಪ್ಯೂಟರುಗಳಲ್ಲಿ ಇರುತ್ತೆ. ಪರ್ಸಿನಲ್ಲಿರೋದು ಬರೀ ಬೀಗದ ಕೈ” ಎಂದ.

ಆ ಬೀಗದ ಕೈ ಎಂದರೆ ಒಂದು ಸಂಖ್ಯೆ. ಬರೆದರೆ ಸುಮಾರು 78 ಅಂಕಿಗಳಷ್ಟು ಉದ್ದ. ಅದರಲ್ಲಿ ಒಂದೇ ಒಂದು ಅಂಕಿ ಬದಲಾದರೂ ಅದು ಬೇರೆಯದೇ ಕೀಲಿ. ಆ ಸಂಖ್ಯೆ ಯಾರ ಕೈಯಲ್ಲಿದೆಯೋ ಹಣ ಅವರ ಕೈಯಲ್ಲಿ. ಅಲ್ಲಿ ಹೆಸರಿಲ್ಲ, ಸಹಿ ಇಲ್ಲ, ನಾಮಿನಿ ಇಲ್ಲ. “ಕಳೆದುಹೋಯಿತು ಸ್ವಾಮಿ” ಎಂದು ಅರ್ಜಿ ಹಿಡಿದು ನಿಲ್ಲಲು ಮ್ಯಾನೇಜರೂ ಇಲ್ಲ. ಯಾರನ್ನೂ ನಂಬಬೇಕಾಗಿಲ್ಲ ಎಂಬುದೇ ಅದರ ಹೆಮ್ಮೆ. ಕಷ್ಟ ಬಂದರೆ ಯಾರೂ ಕೈ ಹಿಡಿಯಲಾರರು ಎಂಬುದು ಆ ಹೆಮ್ಮೆಗೆ ತೆರಬೇಕಾದ ದಂಡ.

ಈಗ ಕಥೆಗೆ ಬರುತ್ತೇನೆ. ಯುರೋಪಿನಲ್ಲಿ ಒಬ್ಬ ಮನುಷ್ಯನಿದ್ದಾನೆ. ತನ್ನ ನಿಜವಾದ ಹೆಸರು ಹೊರಗೆ ಬರುವುದು ಅವನಿಗೆ ಇಷ್ಟವಿಲ್ಲ. 2013ರಲ್ಲಿ ಅವನ ವ್ಯಾಲೆಟ್ಟಿನಲ್ಲಿ 43.6 ಬಿಟ್‌ಕಾಯಿನ್‌ಗಳಿದ್ದವು, ಆಗಿನ ಬೆಲೆ ಸುಮಾರು 4,000 ಯೂರೋ. ಅದಕ್ಕೆ ಅವನು 20 ಅಕ್ಷರಗಳ ಪಾಸ್‌ವರ್ಡ್ ಹಾಕಿದ. ತಾನೇ ಯೋಚಿಸಿ ಹಾಕಿದ್ದಲ್ಲ, ರೋಬೋಫಾರ್ಮ್ ಎಂಬ ತಂತ್ರಾಂಶ ಹೆಣೆದುಕೊಟ್ಟ, ಯಾವ ಅರ್ಥವೂ ಇಲ್ಲದ ಅಕ್ಷರಗಳ ಸರ. ಆ ಪಾಸ್‌ವರ್ಡನ್ನು ತಂತ್ರಾಂಶದೊಳಗೇ ಬಿಟ್ಟರೆ ಯಾರಾದರೂ ನುಗ್ಗಿ ಕದ್ದಾರು ಎಂಬ ಭಯ ಅವನಿಗೆ. ಹಾಗಾಗಿ ಒಂದು ಫೈಲಿನಲ್ಲಿ ಬರೆದು, ಆ ಫೈಲಿಗೆ ಟ್ರೂಕ್ರಿಪ್ಟ್ ಎಂಬ ಇನ್ನೊಂದು ತಂತ್ರಾಂಶದಿಂದ ಬೀಗ ಜಡಿದ. ಬೀಗದ ಕೈಗೇ ಬೀಗ! ಕಳ್ಳನಿಗೆ ದಾರಿಯೇ ಉಳಿಯಲಿಲ್ಲ. ಆದರೆ ಬಂದದ್ದು ಕಳ್ಳನಲ್ಲ. ಯಾವಾಗಲೋ ಒಮ್ಮೆ ಆ ಫೈಲೇ ಕೆಟ್ಟುಹೋಯಿತು. ಪಾಸ್‌ವರ್ಡ್ ಅದರ ಜೊತೆಗೇ ಹೋಯಿತು.

ಫೈಲು ಕೆಡುವುದಕ್ಕೆ ದೊಡ್ಡ ಕಾರಣ ಬೇಕಿಲ್ಲ. ಬರೆಯುತ್ತಿರುವಾಗ ಕರೆಂಟು ಹೋದರೆ ಸಾಕು, ಡಿಸ್ಕಿನ ಒಂದು ಮೂಲೆ ಸವೆದರೆ ಸಾಕು. ಫೋಟೋ ಕೆಟ್ಟರೆ ಮೇಲೊಂದು ಕಲೆ ಬಿದ್ದಂತಾಗುತ್ತದೆ, ಮುಖದ ಗುರುತಾದರೂ ಸಿಗುತ್ತದೆ. ಬೀಗ ಹಾಕದ ವ್ಯಾಲೆಟ್ ಫೈಲಾದರೆ ಅಳಿದುಳಿದದ್ದರ ನಡುವೆ ಕೀಲಿಯ ಸಂಖ್ಯೆ ಇದೆಯೇ ಎಂದು, ಮೊರದಲ್ಲಿ ಅಕ್ಕಿ ಆರಿಸಿದ ಹಾಗೆ ಆರಿಸಬಹುದು. ತಿಳಿದವರು ಅಂಥ ಕೆಲಸಕ್ಕೆ ಕೂರುವ ಮೊದಲು ಮೂಲ ಫೈಲನ್ನು ಮುಟ್ಟದೆ ಅದರ ನಕಲು ತೆಗೆದುಕೊಳ್ಳುತ್ತಾರೆ. ಏನು ಪ್ರಯೋಗ ಮಾಡುವುದಿದ್ದರೂ ನಕಲಿನ ಮೇಲೆ. ಆದರೆ ಬೀಗ ಹಾಕಿದ ಫೈಲಿನ ಮುಖ್ಯವಾದ ಜಾಗವೇ ಹಾಳಾದರೆ ಉಳಿದದ್ದೆಲ್ಲ ಇದ್ದೂ ಇಲ್ಲದ ಹಾಗೆ.

ಇದನ್ನು ಕೇಳುವಾಗ ನನಗೆ ಸೋದರತ್ತೆಯ ನೋಟುಗಳ ನೆನಪಾಯಿತು. ಮಲೆನಾಡಿನ ಅವರ ಮನೆಯಲ್ಲಿ ಅಟ್ಟದ ಮೇಲೊಂದು ಹಳೆಯ ಟ್ರಂಕು. ಅದರ ತಳದಲ್ಲಿ, ಮಾಸಿದ ಸೀರೆಯೊಂದರಲ್ಲಿ ಸುತ್ತಿಟ್ಟ ನೂರರ ನೋಟುಗಳು. 2019ರ ಮಳೆಗಾಲದಲ್ಲಿ ಗೆದ್ದಲು ಹತ್ತಿತು. ಅತ್ತೆ ತುಂಡುಗಳನ್ನೆಲ್ಲ ಒಂದು ಬಟ್ಟಲಿಗೆ ಬಳಿದುಕೊಂಡು ಅಳುತ್ತಾ ಕುಳಿತಿದ್ದರು. ರಿಸರ್ವ್ ಬ್ಯಾಂಕಿನ ನಿಯಮ ಅವರಿಗೆ ಗೊತ್ತಿರಲಿಲ್ಲ. 50 ರೂಪಾಯಿ ಮತ್ತು ಅದಕ್ಕಿಂತ ದೊಡ್ಡ ನೋಟಿನಲ್ಲಿ, ಉಳಿದಿರುವ ದೊಡ್ಡ ತುಂಡು ಮೂಲದ ಶೇಕಡಾ 80ಕ್ಕಿಂತ ಹೆಚ್ಚಿದ್ದರೆ ಪೂರ್ತಿ ಹಣ. 40ರಿಂದ 80ರವರೆಗೆ ಇದ್ದರೆ ಅರ್ಧ ಹಣ. ಅದಕ್ಕೂ ಕಡಿಮೆಯಾದರೆ ಇಲ್ಲ. ಬ್ಯಾಂಕಿನ ಗುಮಾಸ್ತರು ತಾಳ್ಮೆಯಿಂದ ಒಂದೊಂದನ್ನೂ ಅಳೆದು, ಕೆಲವಕ್ಕೆ ಪೂರ್ತಿ, ಕೆಲವಕ್ಕೆ ಅರ್ಧ ಕೊಟ್ಟರು. ಅರ್ಧ ತಿಂದ ನೋಟಿಗೆ ಅರ್ಧ ಬೆಲೆಯಾದರೂ ಉಂಟು. ಅರ್ಧ ಕೀಲಿಗೆ ಬೆಲೆಯೇ ಇಲ್ಲ. ನೋಟಿನ ಹಿಂದೆ ಮಾತು ಕೊಟ್ಟ ಒಬ್ಬರಿದ್ದಾರೆ. ಕೀಲಿಯ ಹಿಂದೆ ಯಾರೂ ಇಲ್ಲ.

ಆದರೆ ಅತ್ತೆಯ ಕಥೆ ಅಲ್ಲಿಗೆ ಮುಗಿಯಲಿಲ್ಲ. ಬ್ಯಾಂಕಿಗೆ ಹೋಗಬೇಕಾದರೆ ಮಗನ ಜೊತೆ ಬೇಕು. ಮಗನಿಗೆ ಹೇಳಿದ ಮೇಲೆ ಮಾವನಿಗೆ ತಿಳಿಯದೆ ಇರುತ್ತದೆಯೇ? “ಇಷ್ಟು ದುಡ್ಡು ಯಾವಾಗ ಕೂಡಿಟ್ಟೆ ಮಾರಾಯ್ತಿ?” ಎಂದು ಮಾವ ಮನೆಗೆ ಬಂದವರೆದುರೆಲ್ಲ ನಗುತ್ತಿದ್ದರು. ಹಲಸಿನ ಹಪ್ಪಳ ಮಾರಿ ಕೂಡಿಟ್ಟ ಹಣ ಅದು. “ಗೆದ್ದಲು ಅರ್ಧ ತಿಂತು, ಉಳಿದರ್ಧ ಮನೆಯವರ ಬಾಯಿಗೆ ಬಿತ್ತು ನೋಡು” ಎಂದು ಅತ್ತೆ ನನ್ನ ಬಳಿ ಹೇಳಿದ್ದರು. ಹಣ ಬಂತು, ಗುಟ್ಟು ಹೋಯಿತು. 2016ರ ನವೆಂಬರ್ 8ರ ರಾತ್ರಿ 500 ಮತ್ತು 1,000 ರೂಪಾಯಿಯ ನೋಟುಗಳು ರದ್ದಾದಾಗಲೂ ಎಷ್ಟೋ ಮನೆಗಳಲ್ಲಿ ಹೀಗೆಯೇ ಆಯಿತು. ಡಬ್ಬಿಯ ಹಣವನ್ನು ಉಳಿಸಿಕೊಳ್ಳಬೇಕಾದರೆ ಡಬ್ಬಿ ಇದೆ ಎಂದು ಬಾಯಿಬಿಡಬೇಕಾಯಿತು.

ಯುರೋಪಿನ ಆ ಮನುಷ್ಯನೂ ಕೊನೆಗೆ ಬಾಯಿಬಿಟ್ಟ. 2022ರಲ್ಲಿ ಅವನು ಅಮೆರಿಕದ ಎಂಜಿನಿಯರ್ ಜೋ ಗ್ರ್ಯಾಂಡ್ ಅವರ ನೆರವು ಕೇಳಿದ. ಇಂಥ ಬೀಗಗಳನ್ನು ಬಿಡಿಸುವುದರಲ್ಲಿ ಹೆಸರಾದವರು ಅವರು. ಮೊದಲು ಅವರು ಒಲ್ಲೆ ಎಂದರು. ಆಮೇಲೆ ಜರ್ಮನಿಯ ಸ್ನೇಹಿತರೊಬ್ಬರ ಜೊತೆ ಸೇರಿ ಒಪ್ಪಿಕೊಂಡರು. ಕೆಟ್ಟ ಫೈಲಿನ ಗೊಡವೆಗೆ ಅವರು ಹೋಗಲಿಲ್ಲ. ಪಾಸ್‌ವರ್ಡನ್ನು ಹೆಣೆದುಕೊಟ್ಟ ತಂತ್ರಾಂಶದ ಹಳೆಯ ಆವೃತ್ತಿಯನ್ನು ತಿಂಗಳುಗಟ್ಟಲೆ ಬಿಚ್ಚಿ ನೋಡಿದರು. ಅದರಲ್ಲೊಂದು ದೋಷ ಸಿಕ್ಕಿತು. ಮನಬಂದಂತೆ ಅಕ್ಷರ ಹೆಣೆಯುತ್ತೇನೆ ಎಂದು ಹೇಳಿಕೊಳ್ಳುತ್ತಿದ್ದ ಆ ತಂತ್ರಾಂಶ, ನಿಜವಾಗಿ ಕಂಪ್ಯೂಟರಿನ ಗಡಿಯಾರವನ್ನು ನೋಡಿಕೊಂಡು ಹೆಣೆಯುತ್ತಿತ್ತು! ದಿನ, ಗಂಟೆ, ನಿಮಿಷ, ಸೆಕೆಂಡು ಸರಿಯಾಗಿ ಹೇಳಿದರೆ ಅದೇ ಪಾಸ್‌ವರ್ಡ್ ಮತ್ತೆ ಹುಟ್ಟುತ್ತದೆ. ಈ ದೋಷವನ್ನು ತಯಾರಕರು 2015ರಲ್ಲಿ ಸರಿಪಡಿಸಿದ್ದರು. ಇವನದು 2013ರದ್ದು.

ಆದರೆ ಯಾವ ದಿನ? ಅವನಿಗೆ ನೆನಪಿಲ್ಲ. ಆ ವ್ಯಾಲೆಟ್ಟಿಗೆ ಮೊದಲ ಹಣ ಬಂದದ್ದು 2013ರ ಏಪ್ರಿಲ್ 14ರಂದು ಎಂದು ಖಾತೆ ಪುಸ್ತಕ ಹೇಳುತ್ತಿತ್ತು. ಅದರ ಹಿಂದುಮುಂದಿನ ದಿನಗಳನ್ನೆಲ್ಲ ಜಾಲಾಡಿದರು, ಸಿಗಲಿಲ್ಲ. ಜೂನ್‌ವರೆಗೆ ವಿಸ್ತರಿಸಿದರು, ಸಿಗಲಿಲ್ಲ. ಮತ್ತೆ ಮತ್ತೆ ಅವನನ್ನೇ ಕೇಳಿದರು. ಅವನು ಆ ಕಾಲದಲ್ಲಿ ಮಾಡಿಕೊಂಡಿದ್ದ ಬೇರೆ ಪಾಸ್‌ವರ್ಡುಗಳಲ್ಲಿ ವಿಶೇಷ ಚಿಹ್ನೆಗಳಿಲ್ಲ ಎಂಬುದು ಆಗ ಬೆಳಕಿಗೆ ಬಂತು. ಚಿಹ್ನೆಗಳನ್ನು ಬಿಟ್ಟು ಹುಡುಕಿದಾಗ, 2023ರ ನವೆಂಬರಿನಲ್ಲಿ ಪಾಸ್‌ವರ್ಡ್ ಸಿಕ್ಕಿತು. ಅದು ಹುಟ್ಟಿದ್ದು 2013ರ ಮೇ 15ರಂದು, ಗ್ರೀನ್‌ವಿಚ್ ಸಮಯ ಸಂಜೆ 4 ಗಂಟೆ 10 ನಿಮಿಷ 40 ಸೆಕೆಂಡಿಗೆ. ಅಷ್ಟರಲ್ಲಿ ಆ 4,000 ಯೂರೋ ಹತ್ತು ಲಕ್ಷ ಡಾಲರನ್ನೂ ಮೀರಿ ಬೆಳೆದಿತ್ತು.

ಹಣದ ಮೊತ್ತ ಕಂಡು ಬೆರಗಾಗುವುದು ಸಹಜ. ನನ್ನನ್ನು ಕಾಡಿದ್ದು ಬೇರೆ. ಅವನಿಗೆ ಹಣ ದಕ್ಕಿದ್ದು ಬೀಗ ಗಟ್ಟಿಯಿದ್ದುದರಿಂದಲ್ಲ, ಬೀಗದಲ್ಲಿ ಲೋಪವಿದ್ದುದರಿಂದ. ಯಾವ ಬಿರುಕಿನಿಂದ ಕಳ್ಳ ಬರಬಹುದಿತ್ತೋ ಅದೇ ಬಿರುಕಿನಿಂದ ನೆಂಟ ಬಂದ. ಅದೇ ವಿದ್ಯೆ, ಅದೇ ಬೆರಳು, ಅದೇ ಕೆಲಸ. ಒಂದು ಕಳವು, ಇನ್ನೊಂದು ಉಪಕಾರ. ಎರಡರ ವ್ಯತ್ಯಾಸ ಬೀಗಕ್ಕೆ ತಿಳಿಯುವುದಿಲ್ಲ. ಬೀಗಕ್ಕೆ ಗೊತ್ತಿರುವುದು ಕೀಲಿ ಮಾತ್ರ, ಒಡೆಯನಲ್ಲ. ಒಡೆಯನನ್ನು ಗುರುತಿಸಬಲ್ಲವರು ಮನುಷ್ಯರು ಮಾತ್ರ.

ಆದರೆ ಮನುಷ್ಯರ ಗುರುತೊಂದೇ ಸಾಲದು ಎಂಬುದಕ್ಕೂ ನಿದರ್ಶನವಿದೆ. ವೇಲ್ಸಿನ ನ್ಯೂಪೋರ್ಟ್ ಊರಿನ ಜೇಮ್ಸ್ ಹೊವೆಲ್ಸ್ ಎಂಬವರ ಹಾರ್ಡ್ ಡಿಸ್ಕ್ 2013ರಲ್ಲಿ ಕಸದ ಜೊತೆ ಊರ ಕಸದ ಗುಡ್ಡ ಸೇರಿತು. ಸುಮಾರು 8,000 ಬಿಟ್‌ಕಾಯಿನ್‌ಗಳ ಕೀಲಿ ಅದರಲ್ಲಿತ್ತು ಎನ್ನುತ್ತಾರೆ ಅವರು. ಗುಡ್ಡ ಅಗೆಯಲು ನಗರಾಡಳಿತ ಒಪ್ಪಲಿಲ್ಲ. 2025ರ ಜನವರಿಯಲ್ಲಿ ಹೈಕೋರ್ಟು ಅವರ ದಾವೆಯನ್ನು ವಜಾ ಮಾಡಿತು. ಅವರ ಕಥೆ ಊರಿಗೆಲ್ಲ ಗೊತ್ತು. ಆದರೆ ಎಲ್ಲ ಮುಗಿದ ಮೇಲೆ ಗೊತ್ತಾದ ಸಂಗತಿಯಿಂದ ಏನು ಪ್ರಯೋಜನ? ಸಾಕ್ಷಿ ಬೇಕಾದದ್ದು ಕಸದ ಬುಟ್ಟಿ ಮನೆ ಬಿಡುವ ಮೊದಲು.

ಹಾಗಾದರೆ ಗುಟ್ಟನ್ನೇ ಬಿಡಬೇಕೇ? ಎಲ್ಲವನ್ನೂ ಮನೆಯವರ ಮುಂದೆ ಹರಡಬೇಕೇ? ಬಿಡಬೇಕು ಎನ್ನಲು ನನಗೆ ನಾಲಿಗೆ ಏಳುವುದಿಲ್ಲ. ತನ್ನದೆಂಬ ಹಣ ಇಲ್ಲದ್ದರಿಂದ ಬೇಡದ ಕಡೆ ಬಾಳಿದ ಹೆಂಗಸರನ್ನು ನಾವೆಲ್ಲ ಕಂಡಿದ್ದೇವೆ. ‘ಮನೆಯಲ್ಲಿ ಮುಚ್ಚುಮರೆ ಏಕೆ’ ಎಂಬ ಉಪದೇಶ ಕೀಲಿ ಗೊಂಚಲು ಸೊಂಟದಲ್ಲಿರುವವರಿಗೆ ಸುಲಭ. ಗುಟ್ಟು ಕೆಲವರಿಗೆ ಚಪಲ, ಕೆಲವರಿಗೆ ಉಸಿರು. ಅದರ ಮೇಲೆ ನ್ಯಾಯ ಹೇಳುವ ಮೊದಲು ಅದನ್ನು ಇಟ್ಟುಕೊಂಡವಳ ಅಡುಗೆಮನೆಯಲ್ಲಿ ಒಂದು ದಿನ ನಿಂತು ನೋಡಬೇಕು.

ಸೋಜಿಗವೆಂದರೆ, ಗಣಿತದವರೂ ಈ ತೊಡಕನ್ನು ಯೋಚಿಸಿದ್ದಾರೆ. ಇಸ್ರೇಲಿನ ಆದಿ ಶಮೀರ್ 1979ರಲ್ಲಿ ಒಂದು ಉಪಾಯ ತೋರಿಸಿದರು. ಒಂದು ಗುಟ್ಟನ್ನು ಐದು ಪಾಲು ಮಾಡಿ ಐವರಿಗೆ ಕೊಡಬಹುದು. ಯಾವ ಮೂವರು ಸೇರಿದರೂ ಗುಟ್ಟು ತೆರೆಯುತ್ತದೆ. ಇಬ್ಬರೇ ಸೇರಿದರೆ ಅವರಿಗೆ ಏನೂ ತಿಳಿಯುವುದಿಲ್ಲ. ಒಬ್ಬರು ಕಳೆದುಕೊಂಡರೂ ಚಿಂತೆಯಿಲ್ಲ, ಒಬ್ಬರು ಕೈಕೊಟ್ಟರೂ ಚಿಂತೆಯಿಲ್ಲ. ಇಂದಿನ ಬಹಳಷ್ಟು ವ್ಯಾಲೆಟ್ಟುಗಳು ಫೈಲನ್ನೇ ನೆಚ್ಚಿಕೊಳ್ಳದೆ, 2,048 ಪದಗಳ ಒಂದು ಪಟ್ಟಿಯಿಂದ 12 ಅಥವಾ 24 ಪದಗಳನ್ನು ಕೊಟ್ಟು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ ಎನ್ನುತ್ತವೆ. ಇಷ್ಟೆಲ್ಲ ಯಂತ್ರಗಳಾದ ಮೇಲೂ ಕೊನೆಗೆ ಬಂದು ನಿಂತದ್ದು ಕಾಗದ, ಪೆನ್ನು ಮತ್ತು ನಂಬಿಕಸ್ಥರ ಹತ್ತಿರವೇ.

ಹಣ ಡಬ್ಬಿಯಲ್ಲಿರಲಿ, ಲಾಕರಿನಲ್ಲಿರಲಿ, ಕಂಪ್ಯೂಟರಿನ ಫೈಲಿನಲ್ಲಿರಲಿ, ಕಳೆದದ್ದನ್ನು ಮರಳಿ ಪಡೆಯಬೇಕಾದರೆ ಯಾರೆದುರಾದರೂ ಹೇಳಿಕೊಳ್ಳಲೇಬೇಕಾಗುತ್ತದೆ. ಆದರೆ ಕಷ್ಟ ಬಂದ ಮೇಲೆ ಹೇಳಿಕೊಳ್ಳುವಾಗ, ಕೇಳುವವರನ್ನು ಆರಿಸುವ ಸ್ವಾತಂತ್ರ್ಯ ನಮಗಿರುವುದಿಲ್ಲ. ಗೆದ್ದಲು ಹತ್ತಿದ ದಿನ ಮನೆಯಲ್ಲಿ ಯಾರಿದ್ದರೋ ಅವರೇ ಸಾಕ್ಷಿ. ಫೈಲು ಕೆಟ್ಟ ದಿನ ಯಾರು ಬಿಡಿಸಬಲ್ಲರೋ ಅವರೇ ನೆಂಟರು. ಮೋಸಗಾರರು ಕಾದು ಕೂರುವುದೂ ಅಲ್ಲಿಯೇ. ಮೊದಲೇ ಹೇಳಿಕೊಂಡರೆ ಆಯ್ಕೆ ನಮ್ಮದು. ಗುಟ್ಟು ಏನೆಂದು ಹೇಳಬೇಕಾಗಿಯೂ ಇಲ್ಲ. ಒಂದು ಗುಟ್ಟು ಇದೆ, ನಾನಿಲ್ಲದಾಗ ಇಂಥಲ್ಲಿ ನೋಡು ಎಂದರೆ ಸಾಕು. ಆ ಒಬ್ಬರು ಗಂಡನೇ ಆಗಿರಬೇಕೆಂದಿಲ್ಲ, ಮಗನೇ ಆಗಿರಬೇಕೆಂದಿಲ್ಲ. ತಂಗಿಯಾಗಬಹುದು, ಹಳೆಯ ಗೆಳತಿಯಾಗಬಹುದು, ಹಿತ್ತಲ ಬೇಲಿಯಾಚೆಯ ನೆರೆಯವಳಾಗಬಹುದು.

ಅಂಥ ಒಂದು ಹೆಸರು ನಿಮಗೆ ತಟ್ಟನೆ ಹೊಳೆಯಿತೇ? ಹೊಳೆದಿದ್ದರೆ ಬ್ಯಾಂಕಿನಲ್ಲಿರುವ ಹಣಕ್ಕಿಂತ ದೊಡ್ಡ ಆಸ್ತಿ ನಿಮ್ಮಲ್ಲಿದೆ. ಹೊಳೆಯದಿದ್ದರೆ, ಹಣ ಕೂಡಿಡುವುದರ ಜೊತೆಗೆ ಅಂಥ ಒಬ್ಬರನ್ನೂ ಸಂಪಾದಿಸಿಕೊಳ್ಳಬೇಕು. ಅದಕ್ಕೆ ಹಣ ಕೂಡಿಡುವುದಕ್ಕಿಂತ ಹೆಚ್ಚು ವರ್ಷ ಹಿಡಿಯುತ್ತದೆ.