ಕಂಡ ದೋಷ, ಕಾಣದ ದೋಷ

ಕಳೆದ ತಿಂಗಳು ನನ್ನ ಕಾರು ನಡುಬೀದಿಯಲ್ಲಿ ನಿಂತುಬಿಟ್ಟಿತು. ಪೆಟ್ರೋಲಿತ್ತು, ಬ್ಯಾಟರಿಯೂ ಹೊಸದು. ಎದುರಿನ ಫಲಕದಲ್ಲಿ ಎಂಜಿನ್ನಿನ ಆಕಾರದ ಹಳದಿ ದೀಪವೊಂದು ಉರಿಯುತ್ತಿತ್ತು, ಅಷ್ಟೆ. ಇಪ್ಪತ್ತು ವರ್ಷಗಳಿಂದ ನನ್ನ ಗಾಡಿಗಳನ್ನು ನೋಡಿಕೊಂಡು ಬಂದಿರುವ ಮೆಕ್ಯಾನಿಕ್ ಬಂದ. ಬಾನೆಟ್ಟು ಎತ್ತಿದ, ನೋಡಿದ, ಮುಚ್ಚಿದ. "ಮೇಷ್ಟ್ರೇ, ಇದರ ಕಾಯಿಲೆ ಕೈಗೆ ಸಿಕ್ಕೋದಲ್ಲ, ಕಂಪನಿಗೇ ಕಳಿಸಿ" ಎಂದ.

ಕಂಪನಿಯ ಹುಡುಗ ಯಂತ್ರವೊಂದನ್ನು ಜೋಡಿಸಿ, ಅದರಲ್ಲಿ ಮೂಡಿದ ಸಂಕೇತವನ್ನು ಓದಿ, ಎಂಜಿನ್ನನ್ನು ಆಳುವ ಇ.ಸಿ.ಯು. ಪೆಟ್ಟಿಗೆಯನ್ನೇ ಬದಲಾಯಿಸಬೇಕೆಂದ. ಬೆಲೆ ನನ್ನ ಅರ್ಧ ತಿಂಗಳ ಸಂಬಳ. "ಏನಾಗಿದೆಯಪ್ಪ ಅದಕ್ಕೆ?" ಎಂದೆ. "ಕಂಪ್ಯೂಟರ್ ಹಾಗೆ ಹೇಳುತ್ತೆ ಸಾರ್" ಎಂದ. ಹಣ ಕೊಟ್ಟು ಬಂದೆ.

ಆ ಸಂಕೇತವು ಹೇಳುವುದು ಯಾವ ಮಂಡಲದಲ್ಲಿ ಅಳತೆ ತಪ್ಪಿದೆ ಎಂಬುದನ್ನು ಮಾತ್ರ. ಏಕೆ ತಪ್ಪಿತೆಂದು ಮನುಷ್ಯನೇ ಹುಡುಕಬೇಕು. ಪೆಟ್ಟಿಗೆಯೇ ಕೆಟ್ಟಿರಬಹುದು, ಇಲಿ ಕಡಿದ ತಂತಿಯೋ ತುಕ್ಕು ಹಿಡಿದ ಜೋಡಣೆಯೋ ಇರಬಹುದು. ನಾನು ಮೋಸಹೋದೆನೆಂದು ಹೇಳಲಾರೆ. ಮೋಸಹೋದೆನೋ ಇಲ್ಲವೋ ಎಂದು ತಿಳಿಯುವ ದಾರಿಯೇ ಇಲ್ಲವಲ್ಲ ಎಂಬುದೇ ನನ್ನ ಸಂಕಟ. ಪಾಪ, ಆ ಹುಡುಗನಿಗೂ ಅದು ತಿಳಿದಿರಲಿಲ್ಲ.

ಹಾಗೆಂದು ಹಳೆಯದನ್ನೆಲ್ಲ ಹೊಗಳುವವನು ನಾನಲ್ಲ. ನನ್ನ ಹಳೆಯ ಸ್ಕೂಟರಿನ ಕಾರ್ಬುರೇಟರನ್ನು ನಾನೇ ಬಿಚ್ಚಿ ತೊಳೆಯುತ್ತಿದ್ದೆ, ನಿಜ. ಬೆಳಗಿನ ಚಳಿಯಲ್ಲಿ ಅದು ಉಗುಳುತ್ತಿದ್ದ ಹೊಗೆಯನ್ನು ಕುಡಿಯುತ್ತಿದ್ದವರು ಶಾಲೆಗೆ ಹೊರಟ ಬೀದಿಯ ಮಕ್ಕಳು. 2020ರ ಏಪ್ರಿಲ್ 1ರಿಂದ ಭಾರತ್ ಸ್ಟೇಜ್ 6 ನಿಯಮ ಜಾರಿಗೆ ಬಂತು. ಪೆಟ್ರೋಲಿನ ಗಂಧಕದ ಮಿತಿ ಹತ್ತು ಲಕ್ಷಕ್ಕೆ 50 ಭಾಗದಿಂದ 10ಕ್ಕೆ ಇಳಿಯಿತು. ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಕ್ಷಣಕ್ಷಣಕ್ಕೂ ಅಳೆದು ಪೆಟ್ರೋಲನ್ನು ಹದಮಾಡುವ ಕೆಲಸ ಕಾರ್ಬುರೇಟರಿನಿಂದ ಆಗುವಂಥದಲ್ಲ. ನನ್ನ ಖರ್ಚಿನಲ್ಲಿ ನೆರೆಯವರ ಉಸಿರಿನ ಪಾಲೂ ಇದೆ. ಅದಕ್ಕೆ ಗೊಣಗುವುದು ಧರ್ಮವಲ್ಲ.

ಆದರೆ ನಂಬುವುದು ಬೇರೆ, ಬೇರೆ ಗತಿಯಿಲ್ಲದೆ ಒಪ್ಪುವುದು ಬೇರೆ. ನಮ್ಮ ಮೆಕ್ಯಾನಿಕ್ ಸವೆದ ಬಿಡಿಭಾಗವನ್ನು ನನ್ನ ಅಂಗೈಯಲ್ಲಿಟ್ಟು, "ನೋಡಿ ಮೇಷ್ಟ್ರೇ" ಎಂದ ಮೇಲೆಯೇ ದುಡ್ಡು ಕೇಳುತ್ತಿದ್ದ. ನನಗೆ ಅರ್ಥವಾಗುತ್ತಿದ್ದುದು ಅಷ್ಟಕ್ಕಷ್ಟೆ. ಆದರೂ ತೋರಿಸುವುದು ತನ್ನ ಕರ್ತವ್ಯವೆಂದು ಆತ ತಿಳಿದಿದ್ದ. ಬಲ್ಲವನು ಅರಿಯದವನಿಗೆ ಸಲ್ಲಿಸಬೇಕಾದ ಋಣವದು. ಅಮೆರಿಕದ ಮ್ಯಾಸಚೂಸೆಟ್ಸ್‌ನ ಮತದಾರರು 2012ರಲ್ಲಿ, ದೋಷ ಪತ್ತೆಯ ಮಾಹಿತಿಯನ್ನು ಹೊರಗಿನ ಮೆಕ್ಯಾನಿಕ್ಕುಗಳಿಗೂ ಕೊಡಬೇಕೆಂಬ ಕಾನೂನಿಗೆ ಒಪ್ಪಿಗೆಯಿತ್ತರು. ನಮ್ಮ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆಯೂ 2022ರಲ್ಲಿ ದುರಸ್ತಿಯ ಹಕ್ಕಿನ ಬಗೆಗೆ ಸಮಿತಿಯೊಂದನ್ನು ನೇಮಿಸಿತು. ಕಾನೂನು ಬಾಗಿಲನ್ನು ತೆರೆಸೀತು. ಕರೆದು ತೋರಿಸುವ ಮನಸ್ಸನ್ನು ತಂದುಕೊಡಲಾರದು.

ಮರುದಿನ ತರಗತಿಯಲ್ಲಿ ಹುಡುಗಿಯೊಬ್ಬಳು, "ಹಳಗನ್ನಡದ ‘ಪಾಲ್’ ‘ಹಾಲು’ ಹೇಗಾಯಿತು ಸಾರ್?" ಎಂದು ಕೇಳಿದಳು. ಗಂಟೆ ಹೊಡೆಯುವ ಹೊತ್ತು. "ವ್ಯಾಕರಣ ಹಾಗೆ ಹೇಳುತ್ತದಮ್ಮ" ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ಕಂಪನಿಯ ಆ ಹುಡುಗನ ನೆನಪಾಯಿತು. ಮುಚ್ಚಿದ ಪುಸ್ತಕವನ್ನು ಮತ್ತೆ ತೆರೆದೆ.